ಮಗುವಾದ ಮೇಲೆ ಮತ್ತೆ ಹೊಲಿಗೆಗೆ ಕೂರುವುದು ಹೇಗೆ

ಕೈಗೆ ಹತ್ತಿದ ಹೊಲಿಗೆ ಕೆಲವು ತಿಂಗಳ ಬಿಡುವಿಗೆ ಮರೆತುಹೋಗುವುದಿಲ್ಲ. ಆದರೆ ಅಷ್ಟು ದಿನ ಸುಮ್ಮನೆ ನಿಂತ ಮಷೀನು ಬಿಗಿದಿರುತ್ತದೆ, ಪುಸ್ತಕದಲ್ಲಿ ಬರೆದಿಟ್ಟ ಹಳೆಯ ಅಳತೆ ಮೈಗೆ ಕೂರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಒಂದೇ ಸಮನೆ ಎರಡು ಗಂಟೆ ಕೂತು ಮುಗಿಸುತ್ತಿದ್ದ ಕೆಲಸಕ್ಕೆ ಈಗ ಸಿಗುವುದು ಇಪ್ಪತ್ತು ನಿಮಿಷದ ತುಣುಕುಗಳು. ಹಾಗಾಗಿ ಈಗ ಹೊಸದಾಗಿ ರೂಢಿಸಿಕೊಳ್ಳಬೇಕಾದದ್ದು ಒಂದೇ. ಮಗು ಅತ್ತ ಕ್ಷಣ ಎದ್ದುಹೋದರೂ ಏನೂ ಕೆಡದ ಹಾಗೆ ಕೆಲಸ ಜೋಡಿಸಿಕೊಳ್ಳುವುದು.

ಮೊದಲು ಮೈ

ಕಾಲಿನಿಂದ ತುಳಿಯುವ ಮಷೀನಿಗೆ ಕಾಲಷ್ಟೇ ಅಲ್ಲ, ಹೊಟ್ಟೆ ಮತ್ತು ಕಟಿಭಾಗದ ಸ್ನಾಯುಗಳೂ ದುಡಿಯುತ್ತವೆ. ಸಿಸೇರಿಯನ್ ಆಗಿದ್ದರೆ ಅಥವಾ ಹೊಲಿಗೆ ಬಿದ್ದಿದ್ದರೆ, ಆರು ವಾರದ ತಪಾಸಣೆಯಲ್ಲಿ ವೈದ್ಯರನ್ನು ಕೇಳಿಯೇ ಪೆಡಲ್ ತುಳಿಯಿರಿ. ಅಲ್ಲಿಯವರೆಗೆ ಗುಂಡಿ ಕಟ್ಟುವುದು, ಹೆಮ್ಮಿಂಗ್, ಕಾಗದದ ಮೇಲೆ ಪ್ಯಾಟರ್ನ್ ಬರೆಯುವುದು ಸಾಕು.

ಕುರ್ಚಿ ಎತ್ತರ ಸರಿಯಿದ್ದರೆ ಮೊಣಕೈ ಮಷೀನಿನ ಹಾಸಿನ ಮಟ್ಟಕ್ಕೆ ಬರುತ್ತದೆ, ಭುಜ ಮೇಲೆ ಏಳುವುದಿಲ್ಲ. ಸೊಂಟದ ಹಿಂದೆ ಗಟ್ಟಿ ದಿಂಬು ಇಟ್ಟುಕೊಳ್ಳಿ. ನೆಲದ ಮೇಲೆ ಬಗ್ಗಿ ಬಟ್ಟೆ ಕತ್ತರಿಸುವ ರೂಢಿಯನ್ನು ಕೆಲವು ತಿಂಗಳಾದರೂ ಬಿಡಿ. ಸೊಂಟದ ಎತ್ತರದ ಮೇಜಿನ ಮೇಲೆ ನಿಂತು ಕತ್ತರಿಸಿದರೆ ಬೆನ್ನು ಉಳಿಯುತ್ತದೆ. ಮಗುವನ್ನು ಎತ್ತಿ ಎತ್ತಿ ಹೆಬ್ಬೆರಳಿನ ಬುಡ ಮತ್ತು ಮಣಿಕಟ್ಟಿನಲ್ಲಿ ನೋವು ಬರುವುದು ಸಾಮಾನ್ಯ. ಮೊಂಡು ಕತ್ತರಿ ಅದೇ ಜಾಗಕ್ಕೆ ಹೊಡೆತ ಕೊಡುತ್ತದೆ. ಮೊದಲು ಕತ್ತರಿಗೆ ಸಾಣೆ ಹಿಡಿಸಿ. ನೋವಿದ್ದರೆ ಒಂದೇ ಸಲಕ್ಕೆ ಎರಡು ಪದರಕ್ಕಿಂತ ಹೆಚ್ಚು ಕತ್ತರಿಸಬೇಡಿ.

ಮೊದಲ ದಿನ ಮಷೀನಿಗೆ

ಆ ದಿನ ಬಟ್ಟೆ ಮುಟ್ಟುವುದು ಬೇಡ. ಪ್ಲಗ್ ಕಿತ್ತು, ಸೂಜಿ, ಬಟ್ಟೆ ಒತ್ತಿಹಿಡಿಯುವ ಪಾದ, ಸೂಜಿ ಕೆಳಗಿನ ತಗಡು, ಕೆಳನೂಲಿನ ಉರುಳೆ ಕೂರುವ ಬಾಬಿನ್ ಕೇಸ್ ಎಲ್ಲವನ್ನೂ ತೆಗೆಯಿರಿ. ಬಟ್ಟೆ ಎಳೆಯುವ ಹಲ್ಲುಗಳ ಸಂದಿಯಲ್ಲಿ ನೂಲಿನ ಧೂಳು ಗಟ್ಟಿಯಾಗಿ ಹಾಸಿಕೊಂಡಿರುತ್ತದೆ. ಅದನ್ನು ಒಣ ಬ್ರಷ್‌ನಿಂದ ಹೊರಗೆಳೆಯಿರಿ. ಬಾಯಿಂದ ಊದಿದರೆ ಧೂಳು ಒಳಗೆ ಹೋಗುತ್ತದೆ, ಉಸಿರಿನ ತೇವಕ್ಕೆ ತುಕ್ಕು ಹಿಡಿಯುತ್ತದೆ.

ಎಣ್ಣೆ ಹೊಲಿಗೆ ಮಷೀನಿನದ್ದೇ ಆಗಬೇಕು, ಒಂದೊಂದು ತೂತಿಗೆ ಒಂದೊಂದು ಹನಿ ಸಾಕು. ಅಡುಗೆ ಎಣ್ಣೆ ಕೆಲವೇ ವಾರದಲ್ಲಿ ಅಂಟಾಗಿ ಚಕ್ರವನ್ನೇ ಹಿಡಿದುಬಿಡುತ್ತದೆ. ಚಕ್ರ ಬಿಗಿಯಾಗಿದ್ದರೆ ಬಲವಂತ ಮಾಡಬೇಡಿ. ಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಕೈಯಿಂದಲೇ ನಿಧಾನಕ್ಕೆ ತಿರುಗಿಸಿ. ಎಲೆಕ್ಟ್ರಾನಿಕ್ ಮಷೀನುಗಳಲ್ಲಿ ಎಲ್ಲೆಂದರಲ್ಲಿ ಎಣ್ಣೆ ಬಿಡುವಂತಿಲ್ಲ, ಜೊತೆಗೆ ಬಂದ ಪುಸ್ತಕ ಹೇಳಿದ ಜಾಗಕ್ಕೆ ಮಾತ್ರ. ಆಮೇಲೆ ನೂಲಿಲ್ಲದೆ ಎರಡು ನಿಮಿಷ ಓಡಿಸಿ, ಚಿಂದಿ ಬಟ್ಟೆಯ ಮೇಲೆ ಹೊಲಿದು ಹೆಚ್ಚಿನ ಎಣ್ಣೆ ಹೀರಿಸಿ. ಈ ಹಂತ ಬಿಟ್ಟರೆ ಮೊದಲ ಹೊಸ ಬಟ್ಟೆಯ ಮೇಲೆ ಕಂದು ಕಲೆ ಖಂಡಿತ.

ಬೆಲ್ಟ್ ಸಡಿಲವಾಗಿದ್ದರೆ ಪೆಡಲ್ ತುಳಿದರೂ ಚಕ್ರ ಜಾರುತ್ತದೆ. ಚರ್ಮದ ಬೆಲ್ಟನ್ನು ಕಾಲು ಇಂಚು ಕತ್ತರಿಸಿ ಮತ್ತೆ ಕ್ಲಿಪ್ ಹಾಕಬಹುದು, ಬಿರುಕು ಬಿಟ್ಟ ರಬ್ಬರ್ ಬೆಲ್ಟನ್ನು ಬದಲಿಸಲೇಬೇಕು. ಸೂಜಿಯೂ ಹೊಸದಾಗಲಿ: ಸಾಮಾನ್ಯ ಹತ್ತಿ ಬಟ್ಟೆಗೆ 14, ತೆಳು ವಾಯಿಲ್ ಮತ್ತು ರೇಷ್ಮೆಗೆ 11, ದಪ್ಪ ಬಟ್ಟೆಗೆ 16. ಹಳೆಯ ನೂಲನ್ನು ಒಂದಡಿ ಬಿಚ್ಚಿ ಎರಡೂ ಕೈಯಿಂದ ಜಗ್ಗಿ ನೋಡಿ. ತಟ್ಟನೆ ಕಡಿದರೆ ಅದು ಆಮೇಲೆ ಬಿಚ್ಚಿಬಿಡುವ ಕಚ್ಚಾ ಹೊಲಿಗೆಗೂ ಬೇಡ, ಬಟ್ಟೆಯೊಳಗೆ ತುಂಡು ಉಳಿಯುತ್ತದೆ.

ಈಗ ಚಿಂದಿಯ ಮೇಲೆ 2.5 ಮಿಲಿಮೀಟರ್ ಹೊಲಿಗೆ ಹಾಕಿ, ಅಂದರೆ ಇಂಚಿಗೆ ಹತ್ತು. ಕೆಳಗೆ ನೂಲು ಗೂಡು ಕಟ್ಟಿದರೆ ಎಲ್ಲರ ಕೈಯೂ ಬಾಬಿನ್ ಕೇಸಿನ ಸ್ಕ್ರೂಗೆ ಹೋಗುತ್ತದೆ. ಆದರೆ ತಪ್ಪು ಹೆಚ್ಚಾಗಿ ಮೇಲಿರುತ್ತದೆ. ಪಾದ ಇಳಿಸಿಕೊಂಡೇ ನೂಲು ಹಾಕಿದ್ದರೆ ಅದು ನೂಲನ್ನು ಬಿಗಿಯಾಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಕೂತಿರುವುದಿಲ್ಲ. ಪಾದ ಎತ್ತಿ ಮೊದಲಿಂದ ನೂಲು ಹಾಕಿ. ಹೊಲಿಗೆ ನಡುನಡುವೆ ತಪ್ಪುತ್ತಿದ್ದರೆ ಸೂಜಿ ಪೂರ್ತಿ ಮೇಲೆ ಏರಿಲ್ಲ ಅಥವಾ ಚಪ್ಪಟೆ ಬದಿ ತಿರುಗಿದೆ.

ಕೈಗೆ ಹಳೆಯ ಹಿಡಿತ ಬರಲು ಗೆರೆ ಹಾಕಿದ ಕಾಗದವನ್ನು ನೂಲಿಲ್ಲದೆ ಹೊಲಿಯುವುದು ಒಳ್ಳೆಯ ದಾರಿ. ನೇರ ಗೆರೆ, ಚೌಕದ ಮೂಲೆ, ಕೊನೆಗೆ ಕೊರಳಿನಂಥ ಬಾಗು. ಇದಕ್ಕೆ ಆಗಷ್ಟೇ ತೆಗೆದ ಹಳೆಯ ಸೂಜಿ ಬಳಸಿ, ಕಾಗದ ಸೂಜಿಯನ್ನು ಮೊಂಡು ಮಾಡುತ್ತದೆ.

ಮಗು ಇರುವ ಮನೆಯಲ್ಲಿ ಸೂಜಿ, ಗುಂಡಿ, ನೂಲು

ಗುಂಡುಸೂಜಿಗಳನ್ನು ಎಣಿಸಿ ಇಡಿ. ಹತ್ತು ತೆಗೆದರೆ ಏಳುವಾಗ ಹತ್ತೂ ವಾಪಸ್ ಬರಬೇಕು. ಒಂದು ಕಡಿಮೆಯಾದರೆ ಆಯಸ್ಕಾಂತ ಹಿಡಿದು ನೆಲ ಹುಡುಕಿ, ಆಮೇಲೇ ಮಗುವನ್ನು ಕೆಳಗೆ ಬಿಡಿ. ಗುಂಡುಸೂಜಿಯ ಬದಲು ಬಳಸುವ ಪ್ಲಾಸ್ಟಿಕ್ ಕ್ಲಿಪ್ ಚುಚ್ಚುವುದಿಲ್ಲ ನಿಜ, ಆದರೆ ಗಂಟಲಿಗೆ ಸಿಕ್ಕುವ ಗಾತ್ರದ್ದೇ. ಗುಂಡಿ, ಹುಕ್, ಬಾಬಿನ್ ಮುಚ್ಚಳವಿರುವ ಡಬ್ಬಿಯಲ್ಲಿರಲಿ. ಕತ್ತರಿಸಿದ ನೂಲಿನ ತುದಿಗಳನ್ನು ಮಡಿಲ ಮೇಲೆ ಉದುರಿಸಬೇಡಿ. ಕೂದಲೆಳೆಯಷ್ಟು ತೆಳುವಾದ ನೂಲು ಎಳೆಮಗುವಿನ ಕಾಲ್ಬೆರಳಿಗೆ ಸುತ್ತಿಕೊಂಡರೆ ರಕ್ತಸಂಚಾರವೇ ನಿಲ್ಲಬಹುದು. ಕಾರಣವಿಲ್ಲದೆ ಅಳುವ ಮಗುವಿನ ಬೆರಳುಗಳನ್ನು ಒಮ್ಮೆ ಬಿಡಿಸಿ ನೋಡಿ. ಮಗು ಅಂಬೆಗಾಲಿಡಲು ಶುರುಮಾಡಿದರೆ, ಕೆಲಸ ಮುಗಿದ ಕೂಡಲೆ ತುಳಿಯುವ ಮಷೀನಿನ ಬೆಲ್ಟನ್ನು ಚಕ್ರದಿಂದ ಜಾರಿಸಿಬಿಡಿ. ಪೆಡಲ್ ಆಡಿದರೂ ಮೇಲಿನ ಚಕ್ರ ತಿರುಗುವುದಿಲ್ಲ, ಬೆಲ್ಟಿನಡಿ ಬೆರಳು ಸಿಕ್ಕುವುದಿಲ್ಲ. ಕೆಳಗಿನ ಚಕ್ರ ಮತ್ತು ಪೆಡಲಿನ ಸಂದಿಗೆ ಕೈ ಹೋಗದಂತೆ ಮುಂದೆ ಅಡ್ಡ ಏನಾದರೂ ಇಡಿ. ಇಸ್ತ್ರಿಪೆಟ್ಟಿಗೆಯನ್ನು ಮನೆಯಲ್ಲಿ ಇನ್ನೊಬ್ಬ ದೊಡ್ಡವರಿದ್ದಾಗಲೇ ಹಚ್ಚಿ.

ತುಣುಕು ಹೊತ್ತಿಗೆ ತುಣುಕು ಕೆಲಸ

ಕೆಲಸಗಳನ್ನು ಸದ್ದಿನ ಲೆಕ್ಕದಲ್ಲಿ ವಿಂಗಡಿಸಿ. ಪ್ಯಾಟರ್ನ್ ಬರೆಯುವುದು, ಚಾಕ್ ಗುರುತು, ಕಚ್ಚಾ ಹೊಲಿಗೆ, ಹುಕ್, ಹೆಮ್ಮಿಂಗ್ ಇವು ಮಗು ಪಕ್ಕದಲ್ಲಿ ಮಲಗಿದ್ದಾಗ. ಮಷೀನಿನ ಹೊಲಿಗೆ ಎಚ್ಚರವಿದ್ದು ಬೇರೆಯವರ ಕೈಯಲ್ಲಿದ್ದಾಗ. ಮಷೀನಿನಡಿ ದಪ್ಪ ರಬ್ಬರ್ ಹಾಸು ಹಾಕಿದರೆ ನಡುಕದ ಸದ್ದು ಸಾಕಷ್ಟು ತಗ್ಗುತ್ತದೆ.

ಮಧ್ಯದಲ್ಲಿ ನಿಲ್ಲಿಸಬಾರದ ಕೆಲಸ ಒಂದೇ, ಬಟ್ಟೆ ಕತ್ತರಿಸುವುದು. ಹಾಸಿದ ಬಟ್ಟೆ ಅರ್ಧಕ್ಕೆ ಬಿಟ್ಟು ಬಂದರೆ ಎಳೆ ಸರಿದಿರುತ್ತದೆ, ಒಂದು ತೋಳು ಇನ್ನೊಂದಕ್ಕೆ ಹೊಂದುವುದಿಲ್ಲ. ಅದಕ್ಕೆ ಯಾರಾದರೂ ಮಗುವನ್ನು ನೋಡಿಕೊಳ್ಳುವ ಅರ್ಧ ಗಂಟೆಯನ್ನು ಮೊದಲೇ ಕೇಳಿಟ್ಟುಕೊಳ್ಳಿ. ಬಟ್ಟೆಯನ್ನು ಹಿಂದಿನ ದಿನವೇ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿರಬೇಕು. ಹತ್ತಿ ಕುಗ್ಗಿದ ಮೇಲೆ ಬಿಟ್ಟ ಸಡಿಲವೆಲ್ಲ ಮಾಯ.

ಕತ್ತರಿಸಿದ ಎಲ್ಲ ತುಂಡು ಒಂದೇ ಚೀಲದಲ್ಲಿರಲಿ. ಪ್ರತಿ ತುಂಡಿನ ಒಳಬದಿಗೆ ಚಾಕ್‌ನಿಂದ ‘ಮುಂದೆ ಎಡ’, ‘ತೋಳು ಬಲ’ ಎಂದು ಬರೆಯಿರಿ. ನಿದ್ದೆಗೆಟ್ಟ ಕಣ್ಣಿಗೆ ಎರಡು ಪಕ್ಕಗಳು ಒಂದೇ ಥರ ಕಾಣುತ್ತವೆ. ಏಳುವ ಮುಂಚೆ ಮುಂದಿನ ಹೆಜ್ಜೆ ಏನೆಂದು ಒಂದು ಚೀಟಿಯಲ್ಲಿ ಬರೆದು ಚೀಲಕ್ಕೆ ಹಾಕಿ, ಎರಡು ದಿನ ಬಿಟ್ಟು ಬಂದಾಗ ಹತ್ತು ನಿಮಿಷ ಉಳಿಯುತ್ತದೆ. ಹೊಲಿಗೆ ನಡುವೆ ಏಳಬೇಕಾದರೆ ಸೂಜಿ ಬಟ್ಟೆಯೊಳಗೆ, ಪಾದ ಕೆಳಗೆ, ಸ್ವಿಚ್ ಆಫ್. ಬಂದು ಅಲ್ಲಿಂದಲೇ ಮುಂದುವರಿಸಬಹುದು.

ಮೊದಲು ಮಗುವಿನ ಬಟ್ಟೆಯನ್ನೇ ಹೊಲಿಯುವ ಆಸೆಯಾಗುತ್ತದೆ. ಆದರೆ ಅಂಗೈಯಗಲದ ಕಂಕುಳು, ಪುಟ್ಟ ಕೊರಳು ಹೊಲಿಯುವುದು ದೊಡ್ಡವರ ಬಟ್ಟೆಗಿಂತ ಕಷ್ಟ. ದಿಂಬಿನ ಕವರ್, ಆಮೇಲೆ ಸಡಿಲ ನೈಟಿ, ಆಮೇಲೆ ಟಾಪ್. ಈ ಕ್ರಮದಲ್ಲಿ ಹೋದರೆ ಕೈ ಕೂರುತ್ತದೆ.

ಅಳತೆ

ಹಾಲುಣಿಸುವ ದಿನಗಳಲ್ಲಿ ಎದೆಯ ಅಳತೆ ದಿನದೊಳಗೇ ಬದಲಾಗುತ್ತದೆ. ಹಾಲು ಕುಡಿಸುವ ಮೊದಲೊಮ್ಮೆ, ಕುಡಿಸಿದ ಮೇಲೊಮ್ಮೆ ಅಳೆಯಿರಿ, ನಿತ್ಯ ಹಾಕುವ ಫೀಡಿಂಗ್ ಬ್ರಾ ಹಾಕಿಕೊಂಡೇ. ಪ್ಯಾಟರ್ನಿಗೆ ದೊಡ್ಡ ಅಳತೆಯನ್ನೇ ಹಿಡಿಯಿರಿ. ಸೊಂಟ, ಹಿಪ್‌ಗಳನ್ನು ನಿಂತು ಮಾತ್ರವಲ್ಲ, ಕೂತೂ ಅಳೆಯಿರಿ. ದಿನದ ಬಹುಪಾಲು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇರುತ್ತೀರಿ.

ಸಾಮಾನ್ಯವಾಗಿ ಆಗುವ ತಪ್ಪು, ಎದೆ ಎರಡು ಇಂಚು ಹೆಚ್ಚಿತೆಂದು ಇಡೀ ಪ್ಯಾಟರ್ನನ್ನು ಒಂದು ಸೈಜ್ ದೊಡ್ಡದು ಮಾಡುವುದು. ಆಗ ಕೊರಳು ಬಾಯಿಬಿಡುತ್ತದೆ, ಭುಜ ಜಾರುತ್ತದೆ, ಏಕೆಂದರೆ ಭುಜದ ಮೂಳೆ ಬೆಳೆದಿಲ್ಲ. ಟೇಪನ್ನು ಕಂಕುಳ ಕೆಳಗೆ ಎದೆಯ ಉಬ್ಬಿಗಿಂತ ಮೇಲೆ ಸುತ್ತಿ ಅಳೆಯಿರಿ. ಭುಜ, ಕೊರಳು, ಕಂಕುಳುಗಳನ್ನು ಈ ಅಳತೆಗೆ ಇಟ್ಟು, ಮುಂಭಾಗದ ಅಗಲವನ್ನಷ್ಟೇ ಹೆಚ್ಚಿಸಿ. ಮುಂಭಾಗದಲ್ಲಿ ಭುಜದಿಂದ ಎದೆಯ ತುದಿಯ ಮೇಲೆ ಹಾದು ಕೆಳಗಿಳಿಯುವ ಉದ್ದ ಹೊಲಿಗೆಗಳಿರುವ ಪ್ರಿನ್ಸೆಸ್ ಕಟ್‌ನಲ್ಲಿ ಇದು ಸುಲಭ. ಎರಡು ಹೊಲಿಗೆ, ನಾಲ್ಕು ಅಂಚು. ಒಂದೊಂದಕ್ಕೆ ಎದೆಯ ತುದಿಯ ಮಟ್ಟದಲ್ಲಿ ಅರ್ಧ ಇಂಚು ಸೇರಿಸಿ ಭುಜದ ಕಡೆಗೆ ಸೊನ್ನೆಗೆ ಇಳಿಸಿದರೆ ಒಟ್ಟು ಎರಡು ಇಂಚು ಬಂತು. ಉದ್ದವನ್ನು ಮರೆಯಬೇಡಿ. ಎದೆ ಹಿಗ್ಗಿದಾಗ ಬಟ್ಟೆ ಅದರ ಮೇಲೆ ಹತ್ತಿ ಇಳಿಯಬೇಕು, ಇಲ್ಲವಾದರೆ ಮುಂದಿನ ಅಂಚು ಮೇಲೇಳುತ್ತದೆ. ಎದೆಯ ತುದಿಯ ಮಟ್ಟದಲ್ಲಿ ಪ್ಯಾಟರ್ನ್ ಅಡ್ಡ ಸೀಳಿ, ನಡುವಿನ ತುಂಡಿನಲ್ಲೂ ಪ್ರಿನ್ಸೆಸ್ ಅಂಚಿನಲ್ಲೂ ಅರ್ಧ ಇಂಚು ತೆರೆದು, ಸೈಡ್ ಹೊಲಿಗೆಯಲ್ಲಿ ಸೊನ್ನೆಗೆ ತನ್ನಿ.

ಇನ್ನೂ ಕೆಲವು ತಿಂಗಳು ಮೈ ಬದಲಾಗುತ್ತಲೇ ಇರುತ್ತದೆ, ಹಾಗಾಗಿ ಸೈಡ್‌ಗಳಲ್ಲಿ ಒಂದೂವರೆ ಇಂಚು ಬಿಡಿ. ಅರ್ಧ ಇಂಚು ಉಳಿಸಿ ಬಿಚ್ಚಿದರೆ ನಾಲ್ಕು ಅಂಚಿನಿಂದ ನಾಲ್ಕು ಇಂಚು ಸಿಗುತ್ತದೆ. ತೋಳಿನ ಕೆಳಗಿನ ಹೊಲಿಗೆಯಲ್ಲೂ ಅಷ್ಟೇ ಬಿಡಬೇಕು. ಬಿಡದಿದ್ದರೆ ಸೈಡ್ ಬಿಚ್ಚಿದ ದಿನ ಕಂಕುಳು ದೊಡ್ಡದಾಗಿ ತೋಳು ಸಾಲದೆ ಹೋಗುತ್ತದೆ. ಕಂಕುಳ ಬಳಿ ಹೆಚ್ಚುವರಿ ಬಟ್ಟೆಯನ್ನು ಹೊಲಿಗೆ ಗೆರೆಗೆ ಮಡಚಿಕೊಂಡು ಬಾಗು ಕತ್ತರಿಸಿ, ಬಿಡಿಸಿದಾಗ ಅದು ಮೇಲ್ಮುಖವಾಗಿ ನಿಲ್ಲುತ್ತದೆ, ಒಳಗೆ ಎಳೆಯುವುದಿಲ್ಲ. ತೋಳನ್ನು ಮೊದಲು ಕಂಕುಳಿಗೆ ಜೋಡಿಸಿ, ಆಮೇಲೆ ಕೆಳ ಅಂಚಿನಿಂದ ತೋಳಿನ ತುದಿಯವರೆಗೆ ಒಂದೇ ಗೆರೆಯಲ್ಲಿ 3 ಮಿಲಿಮೀಟರ್ ಹೊಲಿಗೆ ಹಾಕಿ. ಮುಂದೆ ಬಿಚ್ಚುವುದೂ ಒಂದೇ ಗೆರೆ.

ಹಾಲುಣಿಸುವ ಟಾಪ್‌ಗೆ ಜಿಪ್

ಎರಡು ನೈಲಾನ್ ಜಿಪ್, ತಲಾ 8 ಇಂಚು. ಲೋಹದ ಹಲ್ಲಿನದ್ದು ಬೇಡ. ಪ್ರಿನ್ಸೆಸ್ ಹೊಲಿಗೆಗೆ ಅರ್ಧ ಇಂಚಿನ ಬದಲು ಒಂದು ಇಂಚು ಬಿಟ್ಟು ಕತ್ತರಿಸಿ. ಬ್ರಾ ಹಾಕಿಕೊಂಡು ಎದೆಯ ತುದಿಯನ್ನು ಗುರುತಿಸಿ, ಅದರ 4 ಇಂಚು ಮೇಲಿಂದ 4 ಇಂಚು ಕೆಳಗಿನವರೆಗೆ ಜಿಪ್‌ನ ಜಾಗ. ಅಂದಾಜಿಗೆ ಇಟ್ಟ ಜಿಪ್ ಸಾಮಾನ್ಯವಾಗಿ ತೀರಾ ಮೇಲಾಗುತ್ತದೆ, ಕೊನೆಗೆ ಟಾಪನ್ನೇ ಎತ್ತಬೇಕಾಗುತ್ತದೆ.

ಆ ಜಾಗದ ಎರಡೂ ಅಂಚಿನ ಒಳಬದಿಗೆ ಒಂದು ಇಂಚು ಅಗಲದ ತೆಳು ಅಂಟು ಕ್ಯಾನ್ವಾಸ್ ಪಟ್ಟಿಯನ್ನು ಇಸ್ತ್ರಿಯಿಂದ ಅಂಟಿಸಿ. ಎದೆಯ ಬಾಗಿನಲ್ಲಿ ಬಟ್ಟೆ ಓರೆ ಎಳೆಯಲ್ಲಿರುತ್ತದೆ, ಪಟ್ಟಿ ಇಲ್ಲದಿದ್ದರೆ ಹಿಗ್ಗಿ ಜಿಪ್ ಅಲೆ ಅಲೆಯಾಗಿ ನಿಲ್ಲುತ್ತದೆ. ಈಗ ಹೊಲಿಗೆ ಹಾಕಿ. ಜಿಪ್‌ನ ಮೇಲೂ ಕೆಳಗೂ 2.5ರ ಹೊಲಿಗೆ, ಎರಡೂ ಕಡೆ ಹಿಂದೆ ಮುಂದೆ ಓಡಿಸಿ ಗಟ್ಟಿ ಮಾಡಿ, ಜಿಪ್‌ನ ಜಾಗದಲ್ಲಿ ಮಾತ್ರ ಮಷೀನಿನ ಅತಿ ಉದ್ದದ ಹೊಲಿಗೆ. ಅಂಚುಗಳನ್ನು ಬಿಡಿಸಿ, ಸುತ್ತಿದ ಟವೆಲ್ ಮೇಲಿಟ್ಟು ಇಸ್ತ್ರಿ ಮಾಡಿ. ಚಪ್ಪಟೆ ಮೇಜಿನ ಮೇಲೆ ಒತ್ತಿದರೆ ಬಾಗು ಸತ್ತುಹೋಗುತ್ತದೆ.

ಒಳಬದಿಯಿಂದ, ಮುಚ್ಚಿದ ಜಿಪ್ಪನ್ನು ಮುಖ ಕೆಳಗಾಗಿ, ಹಲ್ಲು ಹೊಲಿಗೆ ಗೆರೆಯ ಮೇಲೆಯೇ ಬರುವಂತೆ ಇಟ್ಟು ಕೈಯಿಂದ ಕಚ್ಚಾ ಹಾಕಿ. ಜಿಪ್ ಪಾದ ಜೋಡಿಸಿ ಹಲ್ಲಿನಿಂದ ಕಾಲು ಇಂಚು ದೂರದಲ್ಲಿ ಸುತ್ತಲೂ ಹೊಲಿಯಿರಿ. ಜಿಪ್‌ನ ತಲೆ ಅಡ್ಡ ಬಂದಲ್ಲಿ ಗೆರೆ ಸೊಟ್ಟಗಾಗುವುದು ಖಚಿತ. ಆ ಜಾಗಕ್ಕೆ ಒಂದು ಇಂಚು ಮೊದಲೇ ಸೂಜಿ ಇಳಿಸಿ, ಪಾದ ಎತ್ತಿ, ಉದ್ದ ಹೊಲಿಗೆಯನ್ನು ಸ್ವಲ್ಪ ಬಿಚ್ಚಿ ತಲೆಯನ್ನು ಹಿಂದಕ್ಕೆ ಸರಿಸಿ ಮುಂದುವರಿಸಿ. ಕೊನೆಗೆ ಉದ್ದ ಹೊಲಿಗೆಯನ್ನು ಪೂರ್ತಿ ಕಿತ್ತು, ಉಳಿದ ನೂಲಿನ ಚೂರುಗಳನ್ನೆಲ್ಲ ಆರಿಸಿ.

ಹಲ್ಲು ನೇರ ಮೈಗೂ ಮಗುವಿನ ಕೆನ್ನೆಗೂ ತಾಗಬಾರದು. 2 ಇಂಚು ಅಗಲ, 9 ಇಂಚು ಉದ್ದದ ಮೆತ್ತನೆ ಹತ್ತಿ ಪಟ್ಟಿಯನ್ನು ಉದ್ದಕ್ಕೆ ಮಡಚಿ, ಜಿಪ್‌ನ ಹಿಂದೆ ಕಂಕುಳ ಕಡೆಯ ಅಂಚಿಗೆ ಮಾತ್ರ ಹೊಲಿಯಿರಿ. ಎರಡೂ ಕಡೆ ಹೊಲಿದರೆ ಜಿಪ್ ತೆರೆದೂ ತೆರೆಯದಂತೆ. ಮಗುವನ್ನು ಎತ್ತಿಕೊಂಡು ಒಂದೇ ಕೈಯಲ್ಲಿ ತೆರೆದು ಮುಚ್ಚಿ ನೋಡಿದ ಮೇಲೆ ಕೆಳ ಅಂಚು ಮಡಚಿ.

ಹಾಲು ಬಿಡಿಸಿದ ಮೇಲೆ ಟಾಪ್ ಎತ್ತಿಡಬೇಕಿಲ್ಲ. ಜಿಪ್ಪಿನ ಹೊಲಿಗೆ ಬಿಚ್ಚಿ ಅದನ್ನು ತೆಗೆದು, ಇಸ್ತ್ರಿಯಲ್ಲಿ ಮೂಡಿದ ಮಡಿಕೆಯ ಗೆರೆಯ ಮೇಲೆಯೇ 2.5ರ ಹೊಲಿಗೆ ಹಾಕಿದರೆ ಅದು ಮಾಮೂಲಿ ಪ್ರಿನ್ಸೆಸ್ ಕಟ್ ಟಾಪ್. ಎದೆಯ ಬಳಿ ಸಡಿಲವಾದರೆ ಅದೇ ಹೊಲಿಗೆಯಲ್ಲಿ ಕಾಲು ಕಾಲು ಇಂಚು ಒಳಗೆ ಹಿಡಿಯಿರಿ, ಸೊಂಟದ ಸಡಿಲವನ್ನು ಸೈಡ್‌ನಲ್ಲಿ.