ಹಳೆಯ ಕಾಂಕ್ರೀಟು ನೆಲ ಒಡೆದು ಹೊಸದು ಹಾಕುವುದು: ಬೇಸ್‌ಮೆಂಟ್ ಮತ್ತು ಗ್ಯಾರೇಜಿನ ಕೆಲಸದಲ್ಲಿ ನನ್ನ ಅನುಭವ

ಮನೆಗಳ ಬೇಸ್‌ಮೆಂಟ್ ಮತ್ತು ಗ್ಯಾರೇಜಿನ ನೆಲಗಳನ್ನು ಒಡೆದು ಹೊಸದಾಗಿ ಹಾಕಿಕೊಡುವ ಕೆಲಸವನ್ನು ನಾನು ಬಹಳ ಕಾಲದಿಂದ ಮಾಡುತ್ತಿದ್ದೇನೆ. ನನ್ನನ್ನು ಕರೆಸುವ ಮನೆಯವರು ಸಾಮಾನ್ಯವಾಗಿ ಮೊದಲು ತೋರಿಸುವುದು ಬಿರುಕನ್ನು. ನನಗೆ ಮೊದಲು ನೋಡಬೇಕೆನಿಸುವುದು ಆ ಬಿರುಕಿನ ಕೆಳಗಿರುವ ಮಣ್ಣನ್ನು ಮತ್ತು ಅಲ್ಲಿಗೆ ನೀರು ಬರುವ ದಾರಿಯನ್ನು. ನೆಲ ಕೆಟ್ಟ ಕಾರಣ ಗೊತ್ತಾಗದೆ ಹೊಸ ನೆಲ ಹಾಕಿದರೆ, ಆ ಕಾರಣ ಹೊಸ ನೆಲವನ್ನೂ ಅದೇ ಜಾಗದಲ್ಲಿ ಒಡೆಯುತ್ತದೆ. ಹಾಗಾಗಿ ಈ ಬರಹದಲ್ಲಿ ಕಾಂಕ್ರೀಟಿನ ಮಾತಿಗಿಂತ ಅದರ ಅಡಿಯಲ್ಲಿರುವುದರ ಮಾತೇ ಹೆಚ್ಚಾಗಿ ಬರುತ್ತದೆ.

ಎಲ್ಲ ಬಿರುಕಿಗೂ ನೆಲ ಒಡೆಯಬೇಕಾಗಿಲ್ಲ. ಕೂದಲೆಳೆಯಷ್ಟು ಸಣ್ಣದಾಗಿದ್ದು, ಎರಡೂ ಬದಿ ಒಂದೇ ಮಟ್ಟದಲ್ಲಿರುವ ಬಿರುಕು ಕಾಂಕ್ರೀಟು ಒಣಗುವಾಗ ಕುಗ್ಗಿದ್ದರಿಂದ ಬಂದದ್ದು. ಅದನ್ನು ತುಂಬಿ ಮುಚ್ಚಿದರೆ ಸಾಕು. ಬಿರುಕಿನ ಒಂದು ಬದಿ ಇನ್ನೊಂದಕ್ಕಿಂತ ತಗ್ಗಿದ್ದರೆ, ಕಾಲಿಟ್ಟಾಗ ನೆಲ ಅಲುಗಿದರೆ, ಅಥವಾ ಸುತ್ತಿಗೆಯಿಂದ ತಟ್ಟುತ್ತ ಹೋದಾಗ ಒಂದು ಕಡೆ ಟೊಳ್ಳು ಸದ್ದು ಬಂದರೆ, ಅಲ್ಲಿ ಮಣ್ಣು ಕುಸಿದು ನೆಲ ಅಂತರದಲ್ಲಿ ನಿಂತಿದೆ ಎಂದು ತಿಳಿಯುತ್ತೇನೆ. ಬೇಸ್‌ಮೆಂಟಿನಲ್ಲಿ ಇನ್ನೊಂದು ಪರೀಕ್ಷೆಯನ್ನೂ ಮಾಡುತ್ತೇನೆ. ಸುಮಾರು ಅರ್ಧ ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡುತ್ತೇನೆ. ಮರುದಿನ ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕೂತಿದ್ದರೆ ಅಥವಾ ಅಷ್ಟು ಜಾಗ ಮಾತ್ರ ಕಪ್ಪಾಗಿದ್ದರೆ, ತೇವ ಕೆಳಗಿನಿಂದ ಏರಿ ಬರುತ್ತಿದೆ.

ಬೇಸ್‌ಮೆಂಟ್ ಮತ್ತು ಗ್ಯಾರೇಜ್ ಎರಡನ್ನೂ ಒಟ್ಟಿಗೆ ಮಾಡಿದ ಒಂದು ಮನೆಯ ಕೆಲಸವನ್ನು ಇಲ್ಲಿ ಆಧಾರವಾಗಿ ಇಟ್ಟುಕೊಳ್ಳುತ್ತೇನೆ. ಆ ಮನೆಯ ಗ್ಯಾರೇಜಿನ ನೆಲ ಹಿಂದಿನ ಗೋಡೆಯ ಕಡೆಗೆ ಇಳಿದಿತ್ತು. ಬೇಸ್‌ಮೆಂಟಿನ ನೆಲದ ಮೇಲೆ ಉಪ್ಪಿನಂಥ ಬಿಳಿ ಪುಡಿ ಎದ್ದು, ಮೂಲೆಗಳಲ್ಲಿ ಕಾಂಕ್ರೀಟು ಪದರ ಪದರವಾಗಿ ಏಳುತ್ತಿತ್ತು. ಹೊರಗೆ ಹೋಗಿ ನೋಡಿದರೆ ಚಾವಣಿಯ ನೀರಿನ ಕೊಳವೆ ಗ್ಯಾರೇಜಿನ ಗೋಡೆಯ ಬುಡದಲ್ಲೇ ಕೊನೆಗೊಂಡಿತ್ತು, ಅಂಗಳದ ವಾಟವೂ (ಇಳಿಜಾರೂ) ಮನೆಯ ಕಡೆಗೇ ಇತ್ತು. ಅಡಿಪಾಯ ಕಟ್ಟಿದ ಮೇಲೆ ಗೋಡೆಯ ಪಕ್ಕದ ಗುಂಡಿಗೆ ಸುರಿದ ಮಣ್ಣನ್ನು ಸರಿಯಾಗಿ ದಮ್ಮಸು ಮಾಡದಿದ್ದರೆ, ಅಂದರೆ ಬಡಿದು ಗಟ್ಟಿ ಮಾಡದಿದ್ದರೆ, ಅದು ವರ್ಷಗಟ್ಟಲೆ ಕುಸಿಯುತ್ತ ಹೋಗುತ್ತದೆ, ನೀರು ಬಿದ್ದರಂತೂ ಇನ್ನೂ ಬೇಗ. ಕೊಳವೆಯನ್ನು ಗೋಡೆಯಿಂದ ದೂರಕ್ಕೆ ಒಯ್ದು, ಅಂಗಳದ ವಾಟವನ್ನು ಹೊರಮುಖವಾಗಿ ತಿದ್ದಿಸಿದ ಮೇಲೆಯೇ ನಾನು ಒಳಗಿನ ಕೆಲಸಕ್ಕೆ ಕೈ ಹಾಕಿದೆ. ಮನೆಯವರಿಗೆ ಇದು ಅನವಶ್ಯಕ ವಿಳಂಬವೆಂದು ತೋರುವುದುಂಟು. ಆದರೂ ಈ ವಿಷಯದಲ್ಲಿ ನಾನು ಪಟ್ಟು ಸಡಿಲಿಸುವುದಿಲ್ಲ.

ಒಡೆಯುವ ಮುನ್ನ ನೆಲದ ಅಡಿಯಲ್ಲಿ ಯಾವ ಕೊಳವೆ, ಯಾವ ವಿದ್ಯುತ್ ತಂತಿ ಹಾದುಹೋಗಿದೆ ಎಂಬುದನ್ನು ಪತ್ತೆಮಾಡಿ ಸೀಮೆಸುಣ್ಣದಿಂದ ಗೆರೆ ಎಳೆದಿಡಬೇಕು. ನಡುವೆ ಕಂಬಗಳಿದ್ದರೆ ಅವು ಸ್ವಂತ ಪಾಯದ ಮೇಲೆ ನಿಂತಿವೆಯೋ, ಬರಿಯ ನೆಲದ ಮೇಲೆ ನಿಂತಿವೆಯೋ ನೋಡಬೇಕು. ಎರಡನೆಯದಾದರೆ ಮೇಲಿನ ತೊಲೆಗೆ ತಾತ್ಕಾಲಿಕ ಆಸರೆ ಕೊಡದೆ ಅದರ ಬಳಿ ಹೋಗಬಾರದು. ಹಳೆಯ ಟೈಲುಗಳಲ್ಲಿಯೂ ಅವುಗಳ ಅಂಟಿನಲ್ಲಿಯೂ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆಯಿದೆ, ಅನುಮಾನವಿದ್ದರೆ ಪರೀಕ್ಷೆ ಮಾಡಿಸದೆ ಅವನ್ನು ಮುಟ್ಟುವುದಿಲ್ಲ. ಕಾಂಕ್ರೀಟಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸುತ್ತದೆ; ಆದ್ದರಿಂದ ನೀರು ಹಾಯಿಸುತ್ತಲೇ ಕತ್ತರಿಸುವುದು, ಮುಖಕ್ಕೆ ಸರಿಯಾಗಿ ಕೂರುವ ಧೂಳುತಡೆ ಮಾಸ್ಕ್ ಹಾಕುವುದು ನಮ್ಮಲ್ಲಿ ಕಡ್ಡಾಯ. ಬೇಸ್‌ಮೆಂಟಿನೊಳಗೆ ಪೆಟ್ರೋಲಿನ ಯಂತ್ರವನ್ನು ನಾನು ಇಳಿಸಗೊಡುವುದಿಲ್ಲ. ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮುಚ್ಚಿದ ಜಾಗದಲ್ಲಿ ಅದು ಜೀವವನ್ನೇ ತೆಗೆಯುತ್ತದೆ.

ಬೇಸ್‌ಮೆಂಟಿನ ನೆಲಕ್ಕೂ ಗ್ಯಾರೇಜಿನ ನೆಲಕ್ಕೂ ಇರುವ ಒಂದು ದೊಡ್ಡ ವ್ಯತ್ಯಾಸವನ್ನು ಇಲ್ಲಿ ವಿವರವಾಗಿ ಹೇಳಬೇಕು, ಏಕೆಂದರೆ ಹೊಸಬರು ಅಪಾಯಕ್ಕೆ ಸಿಲುಕುವುದು ಇಲ್ಲಿಯೇ. ಬೇಸ್‌ಮೆಂಟಿನ ಗೋಡೆಗಳನ್ನು ಹೊರಗಿನ ಮಣ್ಣು ಸದಾ ಒಳಕ್ಕೆ ಒತ್ತುತ್ತಿರುತ್ತದೆ. ಗೋಡೆಯ ಬುಡ ಒಳಕ್ಕೆ ಜಾರದಂತೆ ತಡೆಹಿಡಿಯುವುದರಲ್ಲಿ ನೆಲದ ಕಾಂಕ್ರೀಟಿಗೂ ಪಾಲಿದೆ. ಇಡೀ ನೆಲವನ್ನು ಒಂದೇ ಸಲ ಕಿತ್ತು, ಅದರಲ್ಲೂ ಹೊರಗಿನ ಮಣ್ಣು ನೆನೆದಿರುವಾಗ ಗುಂಡಿ ತೋಡಿಟ್ಟರೆ ಆ ಆಸರೆ ಎಲ್ಲ ಕಡೆಯೂ ಒಟ್ಟಿಗೆ ತಪ್ಪುತ್ತದೆ. ಆದ್ದರಿಂದ ಬೇಸ್‌ಮೆಂಟನ್ನು ನಾನು ಪಟ್ಟಿಗಳಾಗಿ ವಿಭಾಗಿಸಿ, ಒಂದು ಪಟ್ಟಿಯನ್ನು ಒಡೆದು, ಹೊಸ ಕಾಂಕ್ರೀಟು ಹಾಕಿ, ಅದು ಗಟ್ಟಿಯಾದ ಮೇಲೆ ಪಕ್ಕದ ಪಟ್ಟಿಗೆ ಹೋಗುತ್ತೇನೆ. ಎರಡು ಪಟ್ಟಿಗಳು ಸೇರುವ ಕಡೆ ನುಣುಪಾದ ಸರಳುಗಳನ್ನು ಅಡ್ಡವಾಗಿ ಇಟ್ಟು, ಅವುಗಳ ಒಂದು ಅರ್ಧಕ್ಕೆ ಗ್ರೀಸ್ ಹಚ್ಚುತ್ತೇನೆ. ಕಾಂಕ್ರೀಟು ಕುಗ್ಗಿದಾಗ ಸರಳು ಜಾರಲು ಅವಕಾಶವಿರುತ್ತದೆ, ಆದರೆ ಒಂದು ಪಟ್ಟಿ ಇನ್ನೊಂದಕ್ಕಿಂತ ಕೆಳಗಿಳಿಯುವುದಿಲ್ಲ. ಗೋಡೆ ಈಗಾಗಲೇ ಒಳಕ್ಕೆ ಬಾಗಿದ್ದರೆ ಅಥವಾ ಅಡ್ಡಲಾಗಿ ಬಿರುಕು ಬಿಟ್ಟಿದ್ದರೆ, ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡುವವರೆಗೆ ಕೆಲಸ ಶುರುಮಾಡುವುದಿಲ್ಲ.

ಒಡೆಯುವುದರಲ್ಲಿ ಬಲಕ್ಕಿಂತ ಕ್ರಮ ಮುಖ್ಯ. ಮೊದಲು ಗೋಡೆಯ ಉದ್ದಕ್ಕೂ ಗರಗಸದಿಂದ ಕತ್ತರಿಸಿ ನೆಲವನ್ನು ಗೋಡೆಯಿಂದ ಬಿಡಿಸುತ್ತೇನೆ, ಇಲ್ಲದಿದ್ದರೆ ಪ್ರತಿ ಏಟೂ ಗೋಡೆಗೆ ತಲುಪುತ್ತದೆ. ಆಮೇಲೆ ಒಂದು ಕಡೆ ಬ್ರೇಕರ್‌ನಿಂದ (ಕಾಂಕ್ರೀಟು ಒಡೆಯುವ ವಿದ್ಯುತ್ ಯಂತ್ರದಿಂದ) ಬಾಂಡ್ಲಿಯ ಅಗಲದಷ್ಟು ಗುಂಡಿ ಮಾಡಿಕೊಂಡು, ಅದರ ಅಂಚಿನಿಂದ ಒಂದು ಗೇಣು ಹಿಂದಕ್ಕೆ ಉಳಿಯನ್ನು ಇಟ್ಟು ಒಡೆಯುತ್ತ ಹೋಗುತ್ತೇನೆ. ತುಂಡಿಗೆ ಸರಿಯಲು ಖಾಲಿ ಜಾಗ ಇದ್ದರೆ ಅದು ಸುಲಭವಾಗಿ ಬಿಡುತ್ತದೆ, ಜಾಗವಿಲ್ಲದ ಕಡೆ ಉಳಿ ಕಚ್ಚಿಕೊಂಡು ಕೂರುತ್ತದೆ. ನೆಲದ ಅಡಿಗೆ ಹಾರೆ ಹೊಗಿಸಿ ಒಬ್ಬರು ಎರಡು ಬೆರಳಿನಷ್ಟು ಮೀಟಿ ಹಿಡಿದರೆ, ಇನ್ನೊಬ್ಬರ ದೊಡ್ಡ ಸುತ್ತಿಗೆಯ ಒಂದೇ ಏಟಿಗೆ ಅಗಲವಾದ ಹಲ್ಲೆ (ಕಾಂಕ್ರೀಟಿನ ಚಪ್ಪಟೆ ತುಂಡು) ಸೀಳುವುದನ್ನು ನೋಡಬಹುದು. ಅದೇ ಹಲ್ಲೆ ಮಣ್ಣಿನ ಮೇಲೆ ಒರಗಿರುವಾಗ ಎಷ್ಟು ಬಡಿದರೂ ಮೇಲ್ಮೈ ಪುಡಿಯಾಗುತ್ತದೆಯೇ ಹೊರತು ಸೀಳುವುದಿಲ್ಲ. 100 ಮಿಲಿಮೀಟರ್ ದಪ್ಪದ ಕಾಂಕ್ರೀಟು ಚದರ ಮೀಟರಿಗೆ ಸುಮಾರು 240 ಕಿಲೊ ತೂಗುತ್ತದೆ. ಅಂದರೆ 20 ಚದರ ಮೀಟರಿನ ಗ್ಯಾರೇಜಿನಿಂದಲೇ ಸುಮಾರು 4.8 ಟನ್ ಹೊರಗೆ ಹೋಗಬೇಕು. ಅದನ್ನು ಎಲ್ಲಿ ರಾಶಿ ಹಾಕುವುದು, ಯಾರು ಒಯ್ಯುವುದು ಎಂಬುದು ಮೊದಲ ಏಟಿಗೆ ಮುಂಚೆಯೇ ತೀರ್ಮಾನವಾಗಿರಲಿ.

ಆ ಮನೆಯ ಗ್ಯಾರೇಜಿನಲ್ಲಿ ಹಲ್ಲೆಗಳನ್ನು ಎತ್ತಿದಾಗ ಹಿಂದಿನ ಗೋಡೆಯ ಬಳಿ ಅಂಗೈ ಅಡ್ಡಲಾಗಿ ಹೋಗುವಷ್ಟು ಖಾಲಿ ಜಾಗ ಕಂಡಿತು. ಹಳೆಯ ಕಾಂಕ್ರೀಟಿನ ದಪ್ಪವೂ ಒಂದೊಂದು ಕಡೆ ಒಂದೊಂದು ಥರ ಇತ್ತು, ಬಾಗಿಲ ಬಳಿ ಸರಿಯಾಗಿದ್ದದ್ದು ಹಿಂದೆ ಅದರ ಅರ್ಧಕ್ಕೆ ಇಳಿದಿತ್ತು. ಸಡಿಲ ಮಣ್ಣನ್ನೆಲ್ಲ ತೆಗೆದು, ತೆಳುವಾದ ಪದರಗಳಾಗಿ ತುಂಬಿ, ಪ್ರತಿ ಪದರವನ್ನೂ ಹದವಾಗಿ ನೀರು ಚಿಮುಕಿಸಿ ಯಂತ್ರದಿಂದ ದಮ್ಮಸು ಮಾಡಿಸಿದೆ. ಪದರ 150 ಮಿಲಿಮೀಟರ್ ಮೀರಿದರೆ ಮೇಲ್ಭಾಗ ಗಟ್ಟಿಯಾಗಿ ತಳ ಸಡಿಲವಾಗಿಯೇ ಉಳಿಯುತ್ತದೆ. ಅಗೆಯುವಾಗ ಗೋಡೆಯ ಪಾಯದ ತಳಕ್ಕಿಂತ ಕೆಳಗೆ ಎಂದೂ ಹೋಗಬಾರದು. ಮಣ್ಣಿನ ಮೇಲೆ 100 ಮಿಲಿಮೀಟರ್ ಜಲ್ಲಿ ಹಾಸಿ ಅದನ್ನೂ ದಮ್ಮಸು ಮಾಡಿದೆವು. ಬೇಸ್‌ಮೆಂಟಿನಲ್ಲಿ ಗೋಡೆಯ ಪಕ್ಕದುದ್ದಕ್ಕೂ ಜಲ್ಲಿಯೊಳಗೆ ತೂತುಗಳಿರುವ ಕೊಳವೆ ಮಲಗಿಸಿ, ಒಂದು ಮೂಲೆಯ ಗುಂಡಿಗೆ ವಾಟ ಕೊಟ್ಟು, ಅಲ್ಲಿ ಪಂಪ್ ಇಡಲು ವ್ಯವಸ್ಥೆ ಮಾಡಿದೆ. ನೆಲ ತೆರೆದಿರುವಾಗ ಈ ಕೆಲಸ ಸಲೀಸು. ಆಮೇಲೆ ಬೇಕೆಂದರೆ ಹೊಸ ನೆಲವನ್ನೇ ಒಡೆಯಬೇಕಾಗುತ್ತದೆ.

ಜಲ್ಲಿಯ ಮೇಲೆ 250 ಮೈಕ್ರಾನ್ ದಪ್ಪದ ಪಾಲಿಥೀನ್ ಹಾಳೆ. ಒಂದು ಹಾಳೆಯ ಮೇಲೆ ಇನ್ನೊಂದು 150 ಮಿಲಿಮೀಟರ್ ಏರಿ ಕೂರಬೇಕು, ಜೋಡಣೆಗೆ ಟೇಪ್ ಬೀಳಬೇಕು, ಕೊಳವೆ ಮೇಲೇಳುವ ಕಡೆ ಸುತ್ತಲೂ ಅಂಟಿಸಬೇಕು. ಪಟ್ಟಿಗಳಲ್ಲಿ ಕೆಲಸ ಮಾಡುವಾಗ ಮುಂದಿನ ಪಟ್ಟಿಯ ಜೋಡಣೆಗೆಂದು ಹಾಳೆಯ ಅಂಚನ್ನು ಉದ್ದವಾಗಿ ಬಿಟ್ಟು, ಮಡಿಸಿ, ಹಲಗೆಯಿಂದ ಮುಚ್ಚಿಡುತ್ತೇನೆ. ಬ್ರೇಕರ್‌ನ ಉಳಿ ತಗುಲಿ ಆ ಅಂಚು ಹರಿದರೆ ಅಲ್ಲಿಂದಲೇ ತೇವ ಏರುತ್ತದೆ. ಗೋಡೆ ಮತ್ತು ಕಂಬಗಳ ಸುತ್ತ ಫೋಮ್ ಪಟ್ಟಿ ನಿಲ್ಲಿಸುತ್ತೇನೆ, ನೆಲ ಅವುಗಳಿಗೆ ಕಚ್ಚಿಕೊಳ್ಳದೆ ಪ್ರತ್ಯೇಕವಾಗಿ ಹಿಗ್ಗಿ ಕುಗ್ಗಲೆಂದು. ಕಬ್ಬಿಣದ ಜಾಲರಿಯನ್ನು ಕವರ್ ಬ್ಲಾಕ್‌ಗಳ (ಅದನ್ನು ಎತ್ತರದಲ್ಲಿ ಹಿಡಿಯುವ ಸಣ್ಣ ಬಿಲ್ಲೆಗಳ) ಮೇಲೆ ಕೂರಿಸಿ, ಅದು ನೆಲದ ದಪ್ಪದ ಮೇಲಿನ ಮೂರನೇ ಒಂದು ಭಾಗದಲ್ಲಿ ನಿಲ್ಲುವಂತೆ ನೋಡಿಕೊಳ್ಳುತ್ತೇನೆ. ಜಾಲರಿಯನ್ನು ಹಾಳೆಯ ಮೇಲೆಯೇ ಹಾಸಿ, ಕಾಂಕ್ರೀಟು ಸುರಿದ ಮೇಲೆ ಕೊಕ್ಕೆಯಿಂದ ಎಳೆದು ಎತ್ತುವ ರೂಢಿಯಿದೆ. ನಾನು ಒಡೆದ ಎಷ್ಟೋ ಹಳೆಯ ನೆಲಗಳಲ್ಲಿ ಹಾಗೆ ಎತ್ತಿದ ಜಾಲರಿ ಮತ್ತೆ ತಳಕ್ಕೆ ಇಳಿದು ತುಕ್ಕು ಹಿಡಿದಿತ್ತು. ಜಾಲರಿ ಬಿರುಕು ಬರುವುದನ್ನು ತಡೆಯುವುದಿಲ್ಲ, ಬಂದ ಬಿರುಕು ಬಾಯಿ ಬಿಡದಂತೆ ಹಿಡಿದಿಡುತ್ತದೆ, ಮತ್ತು ಆ ಕೆಲಸಕ್ಕೆ ಅದು ಮೇಲ್ಭಾಗದಲ್ಲಿರಬೇಕು.

ಕಾರು ನಿಲ್ಲುವ ಗ್ಯಾರೇಜಿಗೆ 100 ಮಿಲಿಮೀಟರ್ ದಪ್ಪ ಸಾಕು, ಭಾರದ ವಾಹನವಾದರೆ 150. ಕಾಂಕ್ರೀಟನ್ನು ನಾನು ಎಂ25 ದರ್ಜೆಗಿಂತ (28ನೇ ದಿನಕ್ಕೆ ಚದರ ಮಿಲಿಮೀಟರಿಗೆ 25 ನ್ಯೂಟನ್ ಒತ್ತಡ ತಾಳುವ ಬಲ) ಕಡಿಮೆ ತೆಗೆದುಕೊಳ್ಳುವುದಿಲ್ಲ. ಸಿಮೆಂಟಿನ ತೂಕಕ್ಕೆ ನೀರಿನ ಪ್ರಮಾಣ 0.5 ಮೀರಬಾರದು. ಕೆಲಸದವರು ಎಳೆಯಲು ಸುಲಭವಾಗಲೆಂದು ಲಾರಿಯವರ ಹತ್ತಿರ ಇನ್ನಷ್ಟು ನೀರು ಕೇಳುವುದು ಎಲ್ಲೆಡೆ ಇರುವುದೇ. ಒಂದು ಘನ ಮೀಟರಿಗೆ ಹೆಚ್ಚುವರಿ ಐದು ಲೀಟರ್ ನೀರು ಸೇರಿದರೂ ಬಲ ಕುಂದುತ್ತದೆ, ಕುಗ್ಗುವಿಕೆ ಹೆಚ್ಚುತ್ತದೆ. ಕೆಲಸ ಸುಲಭವಾಗಬೇಕಿದ್ದರೆ ನೀರು ಹೆಚ್ಚಿಸದೆ ಕಾಂಕ್ರೀಟನ್ನು ಸಡಿಲಗೊಳಿಸುವ ರಾಸಾಯನಿಕವಾದ ಪ್ಲಾಸ್ಟಿಸೈಸರ್ ಹಾಕಿಸಿಕೊಳ್ಳಿ, ನೀರನ್ನು ಕೇಳಬೇಡಿ. ಗ್ಯಾರೇಜಿನ ನೆಲಕ್ಕೆ ಬಾಗಿಲ ಕಡೆ ಮೀಟರಿಗೆ 10 ಮಿಲಿಮೀಟರ್ ವಾಟ ಕೊಡುತ್ತೇನೆ. ಅದನ್ನು ಗೋಡೆಯ ಮೇಲೆ ದಾರದಿಂದ ಗುರುತು ಹಾಕಿಟ್ಟುಕೊಂಡಿದ್ದರೆ ಸುರಿಯುವ ಗಡಿಬಿಡಿಯಲ್ಲಿ ತಪ್ಪುವುದಿಲ್ಲ.

ಮಟ್ಟದ ಹಲಗೆ ಎಳೆದು ಮುಗಿಸಿದ ಮೇಲೆ ಕಾಯುವ ಹೊತ್ತು ಬರುತ್ತದೆ. ಜಲ್ಲಿ, ಮರಳು ತಳಕ್ಕೆ ಇಳಿಯುತ್ತಿದ್ದಂತೆ ಮೇಲೆ ತೆಳುವಾದ ನೀರು ಏಳುತ್ತದೆ, ನೆಲ ಕನ್ನಡಿಯಂತೆ ಮಿನುಗುತ್ತದೆ. ಅಡಿಯಲ್ಲಿ ಪಾಲಿಥೀನ್ ಇರುವುದರಿಂದ ನೀರು ಕೆಳಗೆ ಹೀರಿಹೋಗುವುದಿಲ್ಲ, ಎಲ್ಲವೂ ಮೇಲಕ್ಕೇ ಬರಬೇಕು. ತಣ್ಣನೆಯ ಬೇಸ್‌ಮೆಂಟಿನಲ್ಲಿ ಇದು ಇನ್ನೂ ನಿಧಾನ. ಆ ಮಿನುಗು ಆರುವ ಮುನ್ನ ಕರಣೆ ಆಡಿಸಿದರೆ ನೀರು ಮೇಲ್ಪದರದಲ್ಲೇ ಬೆರೆತು, ಅಷ್ಟು ಭಾಗ ದುರ್ಬಲವಾಗಿ, ಮುಂದೆ ಗುಡಿಸಿದಷ್ಟೂ ಪುಡಿ ಏಳುವ ನೆಲವಾಗುತ್ತದೆ. ನೀರು ಬೇಗ ಆರಲೆಂದು ಒಣ ಸಿಮೆಂಟ್ ಉದುರಿಸುವವರಿದ್ದಾರೆ. ಆ ಸಿಮೆಂಟಿನ ಪೊರೆ ಜೇಡರ ಬಲೆಯ ಹಾಗೆ ಸಣ್ಣ ಬಿರುಕು ಬಿಟ್ಟು ಕೊನೆಗೆ ಕಿತ್ತು ಬರುತ್ತದೆ. ಹೊಳಪು ಪೂರ್ತಿ ಆರಿ, ಬೂಟುಗಾಲಿಟ್ಟರೆ ಐದಾರು ಮಿಲಿಮೀಟರ್ ಮಾತ್ರ ಇಳಿಯುವ ಹದ ಬಂದಾಗ ಮೊದಲು ಮರದ ಹಲಗೆಯಿಂದ ಉಜ್ಜಿ, ಆಮೇಲೆ ಉಕ್ಕಿನ ಕರಣೆ ಆಡಿಸುತ್ತೇನೆ. ಗ್ಯಾರೇಜಿನಲ್ಲಿ ಕೊನೆಗೆ ಪೊರಕೆಯ ಗೆರೆ ಮೂಡಿಸುವುದು ನನಗೆ ಇಷ್ಟ, ಒದ್ದೆ ಚಕ್ರವೂ ಒದ್ದೆ ಕಾಲೂ ಜಾರುವುದಿಲ್ಲ.

ಕಾಂಕ್ರೀಟು ಕುಗ್ಗಿಯೇ ಕುಗ್ಗುತ್ತದೆ, ಎಲ್ಲಿ ಸೀಳಬೇಕೆಂಬುದನ್ನು ನಾವು ತೋರಿಸಿಕೊಡಬೇಕು. 100 ಮಿಲಿಮೀಟರ್ ನೆಲದಲ್ಲಿ ಎರಡೂವರೆಯಿಂದ ಮೂರು ಮೀಟರಿಗೆ ಒಂದರಂತೆ, ದಪ್ಪದ ಕಾಲುಭಾಗದಷ್ಟು ಆಳಕ್ಕೆ ಗರಗಸದಿಂದ ಗೀರುತ್ತೇನೆ. ಗೀರುಗಳ ನಡುವಿನ ಭಾಗಗಳು ಆದಷ್ಟು ಚೌಕವಾಗಿರಬೇಕು, ಕಂಬದ ಮೂಲೆಗಳನ್ನು ಗೀರು ಹಾಯಬೇಕು. ಅಂಚಿನ ಜಲ್ಲಿ ಕಿತ್ತುಬರದಷ್ಟು ಗಟ್ಟಿಯಾದ ಕೂಡಲೇ ಗೀರಬೇಕು. ಬಿಸಿಲಿನ ದಿನ ಅದು ಕೆಲವೇ ಗಂಟೆ, ಚಳಿಯಲ್ಲಿ ಮರುದಿನದವರೆಗೂ ಹೋಗಬಹುದು. ಒದ್ದೆ ಗೋಣಿ ಹೊದಿಸಿ, ಅದರ ಮೇಲೆ ಪ್ಲಾಸ್ಟಿಕ್ ಹಾಸಿ ಕನಿಷ್ಠ 7 ದಿನ ತೇವ ಆರದಂತೆ ಕಾಯುತ್ತೇನೆ. ಒಂದು ದಿನದ ನಂತರ ನಡೆದಾಡಬಹುದು, ಕಾರು ನಿಲ್ಲಿಸಲು ಹತ್ತು ದಿನ ಬಿಡಿ ಎಂದು ಮನೆಯವರಿಗೆ ಹೇಳುತ್ತೇನೆ. ಲೆಕ್ಕಕ್ಕೆ ಹಿಡಿಯುವ ಪೂರ್ಣ ಬಲವನ್ನು 28ನೇ ದಿನಕ್ಕೆ ಅಳೆಯುತ್ತಾರೆ.

ಬೇಸ್‌ಮೆಂಟಿನಲ್ಲಿ ಮರದ ನೆಲಹಾಸೋ ವಿನೈಲೋ ಹಾಕುವ ಆಸೆಯಿದ್ದರೆ 28 ದಿನವೂ ಸಾಲದು. ಬಲ ಬರುವುದು ಬೇರೆ, ಒಣಗುವುದು ಬೇರೆ; ಒಂದು ಅಂಗುಲ ದಪ್ಪಕ್ಕೆ ಒಂದು ತಿಂಗಳು ಎಂಬ ಅಂದಾಜನ್ನು ನಮ್ಮ ಕಸುಬಿನವರು ಇಟ್ಟುಕೊಂಡಿದ್ದಾರೆ, ಆ ಪ್ರಕಾರ ನಾಲ್ಕು ಅಂಗುಲದ ನೆಲಕ್ಕೆ ನಾಲ್ಕು ತಿಂಗಳು. ಅವಧಿ ಮುಗಿದ ಮೇಲೂ ಹಳೆಯ ನೆಲಕ್ಕೆ ಮಾಡಿದ್ದ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯನ್ನು ಹೊಸ ನೆಲಕ್ಕೂ ಮಾಡಿ, ನೆಲಹಾಸಿನ ತಯಾರಕರು ಕೇಳುವ ತೇವದ ಅಳತೆಯನ್ನೂ ತೆಗೆಸಿ, ಎರಡೂ ಸರಿಬಂದ ಮೇಲೆಯೇ ಅಂಟಿನ ಡಬ್ಬಿ ತೆರೆಯಲು ಹೇಳುತ್ತೇನೆ.