ಮೊಲದ ತುಪ್ಪಳ ಉದುರುವ ಕಾಲ: ಬಾಚೋದು ಹೇಗೆ, ಹೊಟ್ಟೆ ಕಾಯೋದು ಹೇಗೆ

ಶಿವರಾತ್ರಿಗೆ ಚಳಿ ಶಿವಶಿವ ಅಂತ ಹೊರಟಿತು ಅನ್ನುವ ಹೊತ್ತಿಗೆ ದಾವಣಗೆರೆಯಲ್ಲಿ ಮೊಲ ಸಾಕಿದವರ ಮನೆಯ ಕಪ್ಪು ಪ್ಯಾಂಟುಗಳೆಲ್ಲ ಬೆಳ್ಳಗಾಗಿರುತ್ತವೆ. ಸೋಫಾ ಮೇಲೆ, ಫ್ಯಾನಿನ ರೆಕ್ಕೆಯ ಅಂಚಿಗೆ, ಕೊನೆಗೆ ಸಾರಿನ ಪಾತ್ರೆಯಲ್ಲೂ ತುಪ್ಪಳ. ಹೆಚ್ಚಿನ ಮೊಲಗಳಿಗೆ ಶಿವರಾತ್ರಿಯಿಂದ ಯುಗಾದಿ ದಾಟುವವರೆಗೆ ಒಂದು ಸಲ, ಮಳೆ ಹಿಂದೆ ಸರಿದು ದಸರಾ-ದೀಪಾವಳಿ ಬರುವಾಗ ಇನ್ನೊಂದು ಸಲ ಜೋರಾಗಿ ಉದುರುತ್ತದೆ. ನಡುವೆ ಸಣ್ಣಪುಟ್ಟ ಉದುರು ಇದ್ದೇ ಇರುತ್ತದೆ. ಹಗಲು ಎಷ್ಟು ಉದ್ದವಾಯಿತು, ಬಿಸಿಲು ಎಷ್ಟು ಏರಿತು ಅನ್ನುವುದನ್ನು ಅದರ ಮೈ ಲೆಕ್ಕ ಇಡುತ್ತದೆ. ರಾತ್ರಿ ಹನ್ನೊಂದರವರೆಗೆ ಟ್ಯೂಬ್‌ಲೈಟ್ ಉರಿಯುವ ಮನೆಯಲ್ಲಿ ಈ ಲೆಕ್ಕ ತಪ್ಪುತ್ತದೆ. ಅಂಥ ಮೊಲ ವರ್ಷವಿಡೀ ಅಷ್ಟಿಷ್ಟು ಉದುರಿಸುತ್ತಲೇ ಇರಬಹುದು. ಒಂದು ಜೋರು ಸುತ್ತು ಮುಗಿಯಲು 2ರಿಂದ 6 ವಾರ ಬೇಕು.

ಮನೆ ಗಲೀಜಾಗುವುದು ಸಣ್ಣ ಮಾತು. ಮೊಲ ಎದ್ದಿರುವ ಹೊತ್ತಲ್ಲಿ ಮೈ ನೆಕ್ಕಿಕೊಳ್ಳುತ್ತಲೇ ಇರುತ್ತದೆ, ನೆಕ್ಕಿದ ಕೂದಲು ಹೊಟ್ಟೆಗೆ ಹೋಗುತ್ತದೆ. ಬೆಕ್ಕಾದರೆ ಉಂಡೆ ಮಾಡಿ ಕಕ್ಕಿಬಿಡುತ್ತದೆ. ಮೊಲಕ್ಕೆ ವಾಂತಿ ಮಾಡಲು ಆಗುವುದೇ ಇಲ್ಲ, ಒಳಗೆ ಹೋದದ್ದು ಹಿಕ್ಕೆಯ ಜತೆಗೇ ಹೊರಬರಬೇಕು. ಹಾಗಾಗಿ ಈ ಕಾಲದಲ್ಲಿ ಹಣಿಗೆಗೆ ಎಷ್ಟು ಗಮನ ಕೊಡುತ್ತೀರೋ ಹುಲ್ಲಿಗೂ ಅಷ್ಟೇ ಕೊಡಿ. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಅರ್ಧ ಕೆಲಸವಾದಂತೆ.

ಏನೇನು ಬೇಕು

ದುಡ್ಡು ಸುರಿಯುವ ಅಗತ್ಯವಿಲ್ಲ. ಹೇನು ತೆಗೆಯುವಂಥ ಸಣ್ಣ ಹಲ್ಲಿನ ಹಣಿಗೆ ಒಂದು, ಹಲ್ಲಿನ ತುದಿ ಚೂಪಾಗಿರದಂತೆ ನೋಡಿ. ಪೆಟ್ ಅಂಗಡಿಯಲ್ಲಿ ಸಿಗುವ ರಬ್ಬರ್ ಬ್ರಷ್ ಅಥವಾ ರಬ್ಬರ್ ಮೊಳೆಯ ಗ್ಲೌಸ್ ಒಂದು. ಉದ್ದ ಕೂದಲಿನ ಮೊಲವಾದರೆ ಮೆತ್ತನೆಯ ಸ್ಲಿಕರ್ ಬ್ರಷ್ (ಸಣ್ಣ ತಂತಿ ಹಲ್ಲಿನದು) ಕೂಡ. ಕೊಳ್ಳುವ ಮುಂಚೆ ನಿಮ್ಮ ಮುಂಗೈ ಒಳಭಾಗಕ್ಕೆ ಉಜ್ಜಿ ನೋಡಿ, ನಿಮಗೆ ಗೀರಿದರೆ ಮೊಲಕ್ಕೆ ಅದರ ಎರಡರಷ್ಟು ಗೀರುತ್ತದೆ. ನಾಯಿಗೆ ಬಳಸುವ, ಬ್ಲೇಡಿನ ಹಲ್ಲಿರುವ ಡಿಶೆಡ್ಡಿಂಗ್ ಹಣಿಗೆ ಬೇಡ. ಮೊಲದ ಚರ್ಮ ತೀರಾ ತೆಳು, ಅದು ಕೂದಲಿನ ಜತೆ ಚರ್ಮವನ್ನೂ ಹರಿಯಬಲ್ಲದು.

ಇನ್ನು ಒಂದು ಬಟ್ಟಲು ನೀರು, ಹಳೇ ಟವೆಲ್, ಒಂದು ಗೋಣಿಚೀಲ. ಗೋಣಿಚೀಲ ತಮಾಷೆಗೆ ಹೇಳಿದ್ದಲ್ಲ. ನಮ್ಮ ಮನೆಗಳ ಟೈಲ್ಸ್ ನೆಲದಲ್ಲಿ ಮೊಲದ ಕಾಲು ನಿಲ್ಲುವುದಿಲ್ಲ, ಅದರ ಪಾದಕ್ಕೆ ನಾಯಿ-ಬೆಕ್ಕಿನ ಹಾಗೆ ಮೆತ್ತೆ ಇಲ್ಲ, ಬರೀ ಕೂದಲು. ಜಾರಿದ ಕೂಡಲೇ ಗಾಬರಿಯಾಗಿ ಹಿಂಗಾಲು ಝಾಡಿಸುತ್ತದೆ. ಹಾಗೆ ಝಾಡಿಸಿದ ರಭಸಕ್ಕೆ ಅದರದೇ ಬೆನ್ನುಮೂಳೆ ಮುರಿದ ಉದಾಹರಣೆಗಳಿವೆ. ಮೇಜಿನ ಮೇಲೆ ಇಡುವುದಕ್ಕಿಂತ ನೆಲದ ಮೇಲೆ ಗೋಣಿಚೀಲ ಹಾಸಿ ನೀವೂ ಪಕ್ಕದಲ್ಲಿ ಕೂರುವುದೇ ವಾಸಿ.

ಬಾಚುವ ಕ್ರಮ

ಬೆಳಿಗ್ಗೆ ಏಳರ ಒಳಗೆ ಅಥವಾ ಬಿಸಿಲು ಇಳಿದ ಮೇಲೆ ಮಾಡಿ. ಫ್ಯಾನ್ ಆಫ್, ಕಿಟಕಿ ಬಂದ್. ಚಿತ್ರದುರ್ಗದವರಿಗೆ ಇದನ್ನು ಎರಡು ಸಲ ಹೇಳಬೇಕು. ಗಾಳಿಯಂತ್ರ ತಿರುಗಿಸುವಷ್ಟು ಗಾಳಿ ಬೀಸುವ ಊರಲ್ಲಿ ಬಾಗಿಲು ತೆಗೆದು ಬಾಚಿದರೆ ತುಪ್ಪಳ ಪಕ್ಕದ ಮನೆಯ ಹಪ್ಪಳದ ಮೇಲೆ ಕೂರುತ್ತದೆ. ದೂಳಿಗೆ ಸೀನು ಬರುವವರು ಮಾಸ್ಕ್ ಹಾಕಿಕೊಳ್ಳಿ.

ಮೊದಲು ಬರಿಗೈ. ಎರಡೂ ಅಂಗೈ ನೀರಲ್ಲಿ ಅದ್ದಿ, ತೊಟ್ಟಿಕ್ಕದ ಹಾಗೆ ಝಾಡಿಸಿ, ಹಣೆಯಿಂದ ಬಾಲದ ಕಡೆಗೆ ಮೆಲ್ಲಗೆ ಸವರಿ. ಐದಾರು ಸಲ ಸವರುವಷ್ಟರಲ್ಲಿ ಅಂಗೈಗೆ ತುಪ್ಪಳ ತೆಳ್ಳಗೆ ಕಂಬಳಿಯ ಹಾಗೆ ಅಂಟಿರುತ್ತದೆ; ಕೈ ಕೈ ತಿಕ್ಕಿದರೆ ಉಂಡೆಯಾಗಿ ಉದುರುತ್ತದೆ. ಮತ್ತೆ ಅದ್ದಿ, ಮತ್ತೆ ಸವರಿ. ಸಡಿಲವಾದ ಕೂದಲಿನ ದೊಡ್ಡ ಪಾಲು ಇಷ್ಟರಲ್ಲೇ ಬರುತ್ತದೆ, ಮೊಲಕ್ಕೂ ಇದು ಮುದ್ದಿಸಿದ ಹಾಗೇ ಇರುತ್ತದೆ. ಬ್ರಷ್ ಕಂಡರೆ ಓಡುವ ಮೊಲಕ್ಕೆ ಮೊದಲ ಮೂರು ದಿನ ಇದೊಂದೇ ಸಾಕು. ಕೈ ತೇವ ಇದ್ದರಾಯಿತು, ಮೈ ಒದ್ದೆಯಾಗಬಾರದು.

ಆಮೇಲೆ ರಬ್ಬರ್ ಬ್ರಷ್, ಕೂದಲು ಮಲಗಿರುವ ದಿಕ್ಕಿಗೆ. ಕೊನೆಗೆ ಹಣಿಗೆ. ಉದುರು ಸಾಮಾನ್ಯವಾಗಿ ತಲೆಯಿಂದ ಶುರುವಾಗಿ ಕತ್ತು, ಬೆನ್ನು, ಪಕ್ಕೆ, ಕೊನೆಗೆ ಹೊಟ್ಟೆ ಹೀಗೆ ಇಳಿಯುತ್ತದೆ. ಕಂದು ಅಥವಾ ಬೂದು ಮೊಲದಲ್ಲಿ ಹಳೆ ಕೂದಲಿಗೂ ಹೊಸದಕ್ಕೂ ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ. ಆ ಗೆರೆ ಎಲ್ಲಿದೆಯೋ ಅವತ್ತಿನ ಕೆಲಸ ಅಲ್ಲಿ. ಹಣಿಗೆಯನ್ನು ಚರ್ಮಕ್ಕೆ ಒತ್ತದೆ, ಒಂದು ಬೆರಳಿನ ಅಗಲದಷ್ಟೇ ಎಳೆದು ಎತ್ತಿ. ಉದ್ದಕ್ಕೆ ಗೀಚುತ್ತಾ ಹೋದರೆ ಸಿಕ್ಕು ಎಲ್ಲಿದೆಯೋ ಅಲ್ಲಿ ಚರ್ಮ ಎಳೆಯುತ್ತದೆ.

ಕೆಲವೆಡೆ ಕೂದಲು ಹತ್ತಿಯ ಎಸಳಿನ ಹಾಗೆ ಎದ್ದು ನಿಂತಿರುತ್ತದೆ. ಅದನ್ನು ಕೀಳಬಹುದು. ಎಡಗೈ ಬೆರಳಿಂದ ಸುತ್ತಲಿನ ಚರ್ಮ ಅದುಮಿ ಹಿಡಿದು, ಬಲಗೈ ಹೆಬ್ಬೆರಳು-ತೋರುಬೆರಳಲ್ಲಿ ಸ್ವಲ್ಪವೇ ಹಿಡಿದು ಎಳೆಯಿರಿ. ಬರುವಂಥದ್ದಾದರೆ ತಾನಾಗಿ ಕಳಚಿ ಬರುತ್ತದೆ. ಎಳೆದಾಗ ಚರ್ಮ ಗುಡಾರದ ಹಾಗೆ ಮೇಲೆದ್ದರೆ ಬಿಟ್ಟುಬಿಡಿ, ಅದು ಇನ್ನೂ ಮಾಗಿಲ್ಲ.

ಬಾಲದ ಮೇಲಿನ ಸೊಂಟದಲ್ಲೇ ತುಪ್ಪಳ ಅತಿ ದಟ್ಟ, ಮೊಲಕ್ಕೆ ಸಿಟ್ಟು ಬರುವುದೂ ಅಲ್ಲಿಗೆ ಕೈ ಹಾಕಿದಾಗಲೇ. ಆ ಜಾಗವನ್ನು ಒಂದೊಂದು ನಿಮಿಷದ ಎರಡು ಮೂರು ಕಂತು ಮಾಡಿ. ಹೊಟ್ಟೆಗೆ ಇಬ್ಬರು ಬೇಕು. ಒಬ್ಬರು ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಕುಂಡೆಯ ಕೆಳಗೆ ಕೊಟ್ಟು ತಮ್ಮ ಎದೆಗೆ ಆನಿಸಿಕೊಂಡು ಕೂರಲಿ, ಇನ್ನೊಬ್ಬರು ಬೆರಳಲ್ಲೇ ಬಿಡಿಸಲಿ. ಅಂಗಾತ ಮಲಗಿಸಬೇಡಿ. ಹಾಗೆ ಮಲಗಿಸಿದಾಗ ಅಲ್ಲಾಡದೆ ಬಿದ್ದಿರುವುದನ್ನು ಸುಖ ಅಂದುಕೊಳ್ಳುವವರಿದ್ದಾರೆ, ಅದು ಹೆದರಿ ಮರಗಟ್ಟಿರುವುದು. ಕಿವಿ ಹಿಡಿದು ಎತ್ತುವುದಂತೂ ಕೂಡದು. ಹಿಂಗಾಲಿನ ಹಿಮ್ಮಡಿಯ ಕೂದಲು ಮುಟ್ಟಬೇಡಿ. ಪಾದಕ್ಕೆ ಅದೇ ಚಪ್ಪಲಿ, ಹೋದರೆ ಹುಣ್ಣಾಗುತ್ತದೆ.

ದಿನಕ್ಕೆ 5ರಿಂದ 10 ನಿಮಿಷ ಸಾಕು. ತೀರಾ ಉದುರುವ ವಾರ ಬೆಳಿಗ್ಗೆ-ಸಂಜೆ ಎರಡು ಸಲ. ಭಾನುವಾರ ಒಂದೇ ದಿನ ಮುಕ್ಕಾಲು ಗಂಟೆ ಹಿಡಿದು ಕೂತರೆ ಮೊಲ ಮುಂದಿನ ವಾರ ನಿಮ್ಮ ಕೈಗೇ ಸಿಗುವುದಿಲ್ಲ. ಎರಡು ಮೊಲ ಇದ್ದರೆ, ಉದುರದ ಮೊಲದ ಮೇಲೂ ಕಣ್ಣಿಡಿ: ಅದು ಜೊತೆಗಾರನನ್ನು ನೆಕ್ಕಿ ನೆಕ್ಕಿ ಅವನ ಕೂದಲನ್ನೂ ನುಂಗಿರುತ್ತದೆ.

ಜಡೆಗಟ್ಟಿದ್ದರೆ ಬೆರಳಲ್ಲಿ ಚೂರು ಕಾರ್ನ್‌ಫ್ಲೋರ್ ಉಜ್ಜಿ, ಉಂಡೆಯನ್ನು ಹೊರಗಿನಿಂದ ಒಳಕ್ಕೆ ಎಳೆಎಳೆಯಾಗಿ ಬಿಡಿಸಿ. ಬಿಡದಿದ್ದರೆ ಚರ್ಮಕ್ಕೂ ಉಂಡೆಗೂ ನಡುವೆ ಹಣಿಗೆ ತೂರಿಸಿ, ಹಣಿಗೆಯ ಮೇಲ್ಗಡೆಯಷ್ಟೇ ಕತ್ತರಿ ಆಡಿಸಿ. ಹಣಿಗೆ ತೂರದಷ್ಟು ಅಂಟಿದ್ದರೆ ಅದು ಪಶುವೈದ್ಯರ ಕೆಲಸ. ಚಳ್ಳಕೆರೆ ಕಡೆ ಕುರಿಯ ತುಪ್ಪಟ ಕತ್ತರಿಸುವುದನ್ನು ನೋಡಿದವರು ಮೊಲಕ್ಕೂ ಹಾಗೇ ಒಂದು ಸುತ್ತು ಕತ್ತರಿ ಹಾಕಿದರೆ ಆಯ್ತಲ್ಲ ಅಂತ ಕೇಳುತ್ತಾರೆ. ಗಿಡ್ಡ ಕೂದಲಿನ ಮೊಲಕ್ಕೆ ಬೇಡವೇ ಬೇಡ. ಅಂಗೋರಾ ಮೊಲಕ್ಕೆ ಬೇಸಿಗೆಯಲ್ಲಿ ಕತ್ತರಿಸಲೇಬೇಕಾಗುತ್ತದೆ, ಅದನ್ನೂ ಬಲ್ಲವರ ಕೈಯಲ್ಲೇ ಮಾಡಿಸಿ. ಚಳಿದೇಶದ ತಳಿಯನ್ನು ನಮ್ಮ ಏಪ್ರಿಲ್ ಬಿಸಿಲಿಗೆ ತಂದು ಸಾಕುವುದೇ ಸರಿಯಲ್ಲ ಎನ್ನುವುದು ನಮ್ಮ ಅಭಿಪ್ರಾಯ.

ಸ್ನಾನ? ಬೇಡ. ನೀರಿಗಿಳಿಸಿದರೆ ಮೊಲ ಆಘಾತದಿಂದಲೇ ಸಾಯಬಹುದು. ದಟ್ಟ ಒಳಗೂದಲು ಗಂಟೆಗಟ್ಟಲೆ ಒಣಗದೆ ಮೈ ತಣ್ಣಗಾಗುತ್ತದೆ. ಹಿಂಭಾಗ ಹೊಲಸಾಗಿದ್ದರೆ ಅಷ್ಟನ್ನು ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ. ಅಲ್ಲಿ ಹೊಲಸು ಬಿಟ್ಟರೆ ನೊಣ ಮೊಟ್ಟೆ ಇಡುತ್ತದೆ, ಒಂದೇ ದಿನದಲ್ಲಿ ಹುಳ ಬೀಳಬಹುದು.

ಹುಲ್ಲು, ನೀರು, ಹಿಕ್ಕೆ

ಎಷ್ಟು ಬಾಚಿದರೂ ಒಂದಷ್ಟು ಕೂದಲು ಹೊಟ್ಟೆಗೆ ಹೋಗಿಯೇ ಹೋಗುತ್ತದೆ. ಹೊಟ್ಟೆ ಚೆನ್ನಾಗಿ ಓಡುತ್ತಿದ್ದರೆ ಅದರಿಂದ ತೊಂದರೆಯಿಲ್ಲ. ನಾರು ಕಡಿಮೆಯಾಗಿ, ನೀರು ಕುಡಿಯದೆ, ಹಲ್ಲುನೋವಿಗೋ ಹೆದರಿಕೆಗೋ ಸೆಕೆಗೋ ಕರುಳು ನಿಧಾನವಾದಾಗ ಕೂದಲು, ಮೇವು ಎಲ್ಲ ಸೇರಿ ಒಣಗಿ ಗಟ್ಟಿಯಾಗುತ್ತದೆ. ಜನ ಕೂದಲನ್ನು ಬೈಯುತ್ತಾರೆ, ತಪ್ಪು ಹೆಚ್ಚಿನ ಸಲ ತಟ್ಟೆಯದ್ದು.

ತಟ್ಟೆಯಲ್ಲಿ ನೂರಕ್ಕೆ ಎಂಬತ್ತು ಭಾಗ ಹುಲ್ಲಿರಲಿ, ಹಗಲೂ ರಾತ್ರಿ ಖಾಲಿಯಾಗದಂತೆ. ಆನ್‌ಲೈನ್‌ನಲ್ಲಿ ತರಿಸುವ ಟಿಮೊಥಿ ಒಣಹುಲ್ಲು ಒಳ್ಳೆಯದು, ದುಬಾರಿ. ಔಷಧಿ ಹೊಡೆಯದ ಜಾಗದ ಗರಿಕೆಯನ್ನು ಹಸಿಯಾಗಿಯೂ ನೆರಳಲ್ಲಿ ಒಣಗಿಸಿಯೂ ಕೊಡಬಹುದು. ಭದ್ರಾ ನಾಲೆ ಕಡೆ ಸುಲಭಕ್ಕೆ ಸಿಗುವ ಭತ್ತದ ಹುಲ್ಲು ನಾರೇನೋ ಹೌದು, ಸತ್ವ ಕಡಿಮೆ, ಅದೊಂದನ್ನೇ ನೆಚ್ಚಬೇಡಿ. ಕುದುರೆಮಸಾಲೆ ಸೊಪ್ಪಲ್ಲಿ ಸುಣ್ಣದಂಶ ಜಾಸ್ತಿ, ಆರು ತಿಂಗಳೊಳಗಿನ ಮರಿಗೆ ಸರಿ, ದೊಡ್ಡದಕ್ಕೆ ದಿನಾ ಬೇಡ. ಎಳೆ ಜೋಳದ ಮೇವಲ್ಲಿ ವಿಷವಿರುವುದು ದನ ಸಾಕಿದವರಿಗೆ ಗೊತ್ತು, ಮೊಲಕ್ಕೂ ಹಾಕಬೇಡಿ. ಕೊತ್ತಂಬರಿ, ಸಬ್ಬಸಿಗೆ, ಮೂಲಂಗಿ ಸೊಪ್ಪು ತೊಳೆದು ನೀರಿನ ಪಸೆ ಇರುವಾಗಲೇ ಕೊಟ್ಟರೆ ಹೊಟ್ಟೆಗೆ ನೀರೂ ಸೇರುತ್ತದೆ.

ಮಂಡಕ್ಕಿ ಕೊಡಬೇಡಿ. ನಮ್ಮೂರಲ್ಲಿ ಇದನ್ನು ಹೇಳುವುದು ಕಷ್ಟ. ಸಂಜೆ ಮನೆಮಂದಿ ತಿನ್ನುವಾಗ ಮೊಲಕ್ಕೂ ಒಂದು ಹಿಡಿ ಎಸೆಯುವ ಅಭ್ಯಾಸ. ಅದೂ ಮೆಕ್ಕೆಜೋಳದ ಕಾಳೂ ಬರೀ ಪಿಷ್ಟ. ಅದನ್ನು ತಿಂದ ಮೊಲ ಹುಲ್ಲು ಬಿಡುತ್ತದೆ, ಉದುರುಗಾಲದಲ್ಲಿ ಅಲ್ಲಿಂದಲೇ ತೊಂದರೆ ಶುರು.

ನೀರನ್ನು ಭಾರದ ಮಣ್ಣಿನ ಬಟ್ಟಲಲ್ಲಿ ಇಡಿ. ಬಾಟಲಿಯ ಮೂತಿಗೆ ತುಪ್ಪಳ ಸಿಕ್ಕಿ ಕಟ್ಟಿಕೊಂಡದ್ದು ಎಷ್ಟೋ ಸಲ ಮೊಲ ಮಂಕಾದ ಮೇಲೇ ಗೊತ್ತಾಗುತ್ತದೆ. ಎರಡು ಕೆಜಿಯ ಮೊಲ ದಿನಕ್ಕೆ ಸುಮಾರು 100ರಿಂದ 300 ಮಿಲಿಲೀಟರ್ ಕುಡಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಅನಾನಸ್ ರಸ, ಪಪ್ಪಾಯಿ ಕೂದಲನ್ನು ಕರಗಿಸುತ್ತವೆ ಅನ್ನುವುದು ಸುಳ್ಳು. ಬೆಣ್ಣೆ, ಎಣ್ಣೆ ಕುಡಿಸುವುದೂ ದಂಡ.

ಇಷ್ಟೆಲ್ಲ ಸರಿಹೋಗುತ್ತಿದೆಯೇ ಅಂತ ಹೇಳುವುದು ಹಿಕ್ಕೆ. ದಿನಾ ಬೆಳಿಗ್ಗೆ ನೋಡಿ. ಕಡಲೆಕಾಳಿನಷ್ಟು ದಪ್ಪ, ದುಂಡಗೆ, ಎರಡು ಬೆರಳಲ್ಲಿ ಒತ್ತಿದರೆ ಒಣಹುಲ್ಲಿನ ಪುಡಿಯಾಗಿ ಉದುರಬೇಕು. ಮಣಿಸರದ ಹಾಗೆ ಒಂದಕ್ಕೊಂದು ಕೂದಲಲ್ಲಿ ಪೋಣಿಸಿಕೊಂಡು ಬಂದರೆ ಕೂದಲು ಹೆಚ್ಚಿದೆ, ಆದರೂ ಹೊರಗೆ ಬರುತ್ತಿದೆ. ಬಾಚುವುದನ್ನೂ ಹುಲ್ಲನ್ನೂ ಹೆಚ್ಚಿಸಿ. ಮೆಣಸಿನಕಾಳಿನಷ್ಟು ಸಣ್ಣಗೆ, ಕಪ್ಪಗೆ, ಗಟ್ಟಿಯಾದರೆ ಅದು ಎಚ್ಚರಿಕೆ. ದ್ರಾಕ್ಷಿಗೊನೆಯ ಹಾಗೆ ಅಂಟಂಟಾದ ಮೆತ್ತನೆಯ ಹಿಕ್ಕೆಯನ್ನು ಮೊಲ ಬಾಯಿಟ್ಟು ತಿನ್ನುವುದು ಸಹಜ, ತಡೆಯಬೇಡಿ.

ಮೇವು ಮುಟ್ಟದೆ, ಹಿಕ್ಕೆ ಹಾಕದೆ, ಮೈ ಮುದುರಿ ಹಲ್ಲು ಕಟಕಟ ಕಡಿಯುತ್ತ ಕೂತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಹನ್ನೆರಡು ಗಂಟೆ ತಿನ್ನದ ಮೊಲ ಸಾವಿನ ಹತ್ತಿರವಿರಬಹುದು. ಹೊಟ್ಟೆ ಉಬ್ಬಿದ್ದರೆ ಬಲವಂತವಾಗಿ ಏನನ್ನೂ ಕುಡಿಸಬೇಡಿ. ಮೊಲ ನೋಡಿ ಅಭ್ಯಾಸವಿರುವ ಪಶುವೈದ್ಯರು ಯಾರೆಂದು ಉದುರುಗಾಲ ಬರುವ ಮುಂಚೆಯೇ ವಿಚಾರಿಸಿ ನಂಬರ್ ಇಟ್ಟುಕೊಳ್ಳಿ.

ಉದುರೋ, ರೋಗವೋ

ಉದುರಿದ ಜಾಗದಲ್ಲಿ ಗಿಡ್ಡ ಹೊಸ ಕೂದಲು ಚಿಗುರಿರಬೇಕು. ಗುಲಾಬಿ ಚರ್ಮ ಬೋಳಾಗಿ ಕಂಡರೆ, ಕೆರೆದುಕೊಳ್ಳುತ್ತಿದ್ದರೆ ಅದು ಉದುರಲ್ಲ. ಮೂಗು, ಕಿವಿಯ ಅಂಚು, ಉಗುರಿನ ಬುಡದಲ್ಲಿ ಬೂದು ಹಕ್ಕಳೆ ಕಟ್ಟಿದ್ದರೆ ಕಜ್ಜಿ. ನಿಮ್ಮ ಮುಂಗೈಗೂ ನವೆ ಹತ್ತಬಹುದು. ಕತ್ತಿನ ಹಿಂದೆ, ಬೆನ್ನಮೇಲೆ ಬಿಳಿ ಹೊಟ್ಟು ಸುರಿಯುತ್ತಿದ್ದರೆ ತುಪ್ಪಳದ ನುಸಿ ಇರಬಹುದು. ಹೆಣ್ಣುಮೊಲ ಗಂಗೆದೊಗಲು (ಗಂಟಲ ಕೆಳಗೆ ಜೋಲುವ ಚರ್ಮ), ಹೊಟ್ಟೆಯ ಕೂದಲನ್ನು ತಾನೇ ಕಿತ್ತು ಬಾಯಲ್ಲಿ ಕಚ್ಚಿಕೊಂಡು ಓಡಾಡುತ್ತಿದ್ದರೆ ಗೂಡು ಕಟ್ಟುತ್ತಿದೆ: ಮರಿ ಹಾಕಬಹುದು, ಅಥವಾ ಸುಳ್ಳು ಬಸಿರು. ಆ ಕೂದಲನ್ನು ಬಾಚಿ ಬಿಸಾಡಬೇಡಿ.

ನಾಯಿಗೆ ತಂದ ಉಣ್ಣೆ-ಚಿಗಟದ ಔಷಧಿ ಮಿಕ್ಕಿದೆ ಅಂತ ಮೊಲಕ್ಕೆ ಹಾಕಲೇಬೇಡಿ. ಫಿಪ್ರೊನಿಲ್ ಇರುವಂಥದ್ದು ಮೊಲವನ್ನು ಕೊಲ್ಲುತ್ತದೆ. ಬಾಯಿಗೆ ಕೊಡುವ ಅಮಾಕ್ಸಿಸಿಲಿನ್ ಕೂಡ ಹಾಗೇ, ಕರುಳಿನ ಒಳ್ಳೆಯ ಜೀವಾಣುಗಳನ್ನು ಸಾಯಿಸಿ ಮೊಲವನ್ನೇ ತೆಗೆಯಬಲ್ಲದು.

ಬಾಚಿದ ಮೇಲೆ ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ ಬರೆದಿಡಿ. ತುಪ್ಪಳ ಹೋದ ಮೇಲೆ ಮೊಲ ಹೇಗೂ ಸಣ್ಣಗೆ ಕಾಣುತ್ತದೆ, ಕಣ್ಣಳತೆ ನಂಬುವಂತಿಲ್ಲ. ಒದ್ದೆ ಕೈ ಹತ್ತು ಸಲ ಸವರಿದರೂ ಅಂಗೈಗೆ ನಾಲ್ಕೈದು ಕೂದಲಷ್ಟೇ ಅಂಟಿದರೆ ಈ ಸುತ್ತು ಮುಗಿಯಿತು; ಇನ್ನು ಮೇಲೆ ಗಿಡ್ಡ ಕೂದಲಿನದಕ್ಕೆ ವಾರಕ್ಕೊಂದು ಸಲ, ಉದ್ದ ಕೂದಲಿನದಕ್ಕೆ ದಿನ ಬಿಟ್ಟು ದಿನ ಬಾಚಿ.