ತೂಕ ಹೆಚ್ಚಿರುವವರು ಓಟ ಶುರುಮಾಡುವುದು ಹೇಗೆ: ಮೊದಲ ನಾಲ್ಕು ತಿಂಗಳು

ತೂಕ ಹೆಚ್ಚಿರುವವರು ಓಡಲು ಹೊರಟಾಗ ಸಾಮಾನ್ಯವಾಗಿ ಕೈಕೊಡುವುದು ಕಾಲು. ಉಸಿರಿನ ತೊಂದರೆ ಬೇಗ ಕಳೆಯುತ್ತದೆ. ಮೊದಲ ವಾರ ಏದುಸಿರು ಬಂದರೂ ಮೂರು ನಾಲ್ಕು ವಾರದಲ್ಲಿ ಹೃದಯ, ಶ್ವಾಸಕೋಶ ಹೊಂದಿಕೊಂಡು ಇನ್ನೂ ಸ್ವಲ್ಪ ಓಡೋಣ ಅನ್ನಿಸತೊಡಗುತ್ತದೆ. ಮೂಳೆ, ಸ್ನಾಯುರಜ್ಜುಗಳು ಗಟ್ಟಿಯಾಗಲು ಮಾತ್ರ ತಿಂಗಳುಗಟ್ಟಲೆ ಬೇಕು. ನಡೆಯುವಾಗ ಕಾಲಿನ ಮೇಲೆ ಬೀಳುವ ಭಾರ ದೇಹದ ತೂಕಕ್ಕಿಂತ ತುಸುವೇ ಹೆಚ್ಚು. ಓಡುವಾಗ ಅದು ಎರಡರಿಂದ ಮೂರು ಪಟ್ಟು. ಅಂದರೆ 95 ಕೆ.ಜಿ. ತೂಗುವವರ ಒಂದೊಂದು ಹೆಜ್ಜೆಗೂ ಸುಮಾರು 200 ಕೆ.ಜಿ. ಅಥವಾ ಅದಕ್ಕೂ ಹೆಚ್ಚಿನ ಭಾರ. ಉಸಿರು ಕೊಟ್ಟ ಧೈರ್ಯದಲ್ಲಿ ಓಟ ಹೆಚ್ಚಿಸಿದವರಿಗೆ ನಾಲ್ಕನೇ ಐದನೇ ವಾರದಲ್ಲಿ ಕಣಕಾಲೋ ಮಂಡಿಯೋ ನೋಯಲು ಶುರುವಾಗುತ್ತದೆ. ‘ನನ್ನ ಮೈಗೆ ಓಟ ಒಗ್ಗಲ್ಲ’ ಎಂದು ಅಲ್ಲಿಗೇ ಬಿಟ್ಟುಬಿಡುತ್ತಾರೆ.

ಕೆಳಗಿನ ಕ್ರಮ ನಿಧಾನವಾಗಿರುವುದು ಇದೇ ಕಾರಣಕ್ಕೆ. ಯಾವಾಗ ಹೆಚ್ಚಿಸಬೇಕು ಎಂಬುದನ್ನು ಕಾಲು ಹೇಳಬೇಕು.

ಶುರುಮಾಡುವ ಮುನ್ನ

ನಮ್ಮ ದೇಶದ ಲೆಕ್ಕದಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಸಂಖ್ಯೆ) 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು. 165 ಸೆಂ.ಮೀ. ಎತ್ತರದವರಿಗೆ 25 ಎಂದರೆ ಸುಮಾರು 68 ಕೆ.ಜಿ. ಅಷ್ಟಕ್ಕೆ ಓಟದ ವಿಷಯದಲ್ಲಿ ವಿಶೇಷವಾಗಿ ಹೆದರಬೇಕಾಗಿಲ್ಲ. ಇದೇ ಎತ್ತರಕ್ಕೆ 82 ಕೆ.ಜಿ. ಮುಟ್ಟಿದ್ದರೆ, ಅಂದರೆ ಬಿಎಂಐ 30ರ ಮೇಲಿದ್ದರೆ, ಇಲ್ಲಿ ಹೇಳಿರುವ ಪ್ರತಿ ಹಂತವನ್ನೂ ಬಿಡದೆ ಪಾಲಿಸಿ.

ಬಿಪಿ, ಶುಗರ್, ಹೃದಯದ ತೊಂದರೆ ಇರುವವರು, ಮೆಟ್ಟಿಲು ಹತ್ತಿದರೆ ಎದೆ ಬಿಗಿಯುವವರು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೇ ಹೃದಯಾಘಾತ ಆಗಿರುವವರು ಮೊದಲು ಡಾಕ್ಟರನ್ನು ಕಾಣಬೇಕು. ಬರೀ ‘ವಾಕಿಂಗ್ ಮಾಡಬಹುದಾ’ ಎಂದು ಕೇಳಿ ಬರಬೇಡಿ, ಓಡುವ ಯೋಚನೆ ಇದೆ ಎಂದೇ ಹೇಳಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ತೆಗೆದುಕೊಳ್ಳುವವರಿಗೆ ಓಡುವಾಗ ಸಕ್ಕರೆ ಪ್ರಮಾಣ ಇಳಿದುಬಿಡಬಹುದು. ಹೊರಡುವ ಮುನ್ನ ಪರೀಕ್ಷಿಸಿ, 100ಕ್ಕಿಂತ ಕೆಳಗಿದ್ದರೆ ಏನಾದರೂ ತಿಂದು ಹೊರಡಿ, ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ. ಶುಗರ್‌ನಿಂದ ಅಂಗಾಲು ಜೋಮು ಹಿಡಿದವರು ದಿನವೂ ಓಟ ಮುಗಿಸಿ ಪಾದ ನೋಡಿಕೊಳ್ಳಬೇಕು, ಬೊಬ್ಬೆ ಎದ್ದರೂ ಅವರಿಗೆ ಗೊತ್ತಾಗುವುದಿಲ್ಲ. ಬಿಪಿಗೆ ಅಟೆನಲಾಲ್, ಮೆಟೊಪ್ರೊಲಾಲ್ ಬಗೆಯ ಮಾತ್ರೆ ನುಂಗುವವರ ಎದೆಬಡಿತ ಅಷ್ಟಾಗಿ ಏರುವುದಿಲ್ಲವಾದ್ದರಿಂದ ಕೈಗಡಿಯಾರ ತೋರಿಸುವ ಬಡಿತದ ಸಂಖ್ಯೆಯನ್ನು ನಂಬಿಕೊಂಡು ಓಡಬಾರದು.

ಶೂ, ಬಟ್ಟೆ

ಖರ್ಚು ಮಾಡುವುದಿದ್ದರೆ ಶೂಗೆ ಮಾಡಿ. ಸಂಜೆ ಹೊತ್ತು ಅಂಗಡಿಗೆ ಹೋಗಿ, ಆ ಹೊತ್ತಿಗೆ ಪಾದ ತುಸು ಊದಿರುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಒಯ್ಯಿರಿ. ಶೂ ಒಳಗಿನ ಮೆತ್ತನೆಯ ಪದರವನ್ನು ಹೊರತೆಗೆದು ನೆಲಕ್ಕಿಟ್ಟು ಅದರ ಮೇಲೆ ಪೂರ್ತಿ ಭಾರ ಹಾಕಿ ನಿಲ್ಲಿ. ಪಾದದ ಅಂಚು ಎರಡೂ ಬದಿ ಆಚೆ ಚಾಚಿಕೊಂಡರೆ ಆ ಶೂ ಅಗಲ ಸಾಲದು. ತೂಕ ಹೆಚ್ಚಿರುವವರ ಪಾದ ಹರಡಿಕೊಳ್ಳುವುದರಿಂದ ಉದ್ದ ಸರಿಯಿದ್ದರೂ ಅಗಲದಲ್ಲಿ ಎಡವುವುದೇ ಹೆಚ್ಚು. ಅಗಲ ಸಿಗಲಿಲ್ಲವೆಂದು ಒಂದು ಸೈಜ್ ದೊಡ್ಡದು ಕೊಂಡರೆ ಹಿಮ್ಮಡಿ ಸಡಿಲವಾಗಿ ಜಾರುತ್ತದೆ. ಅಗಲದ ಅಳತೆಯಲ್ಲೇ ಬೇರೆ ಮಾದರಿ ಕೇಳಿ. ಉದ್ದಬೆರಳಿನ ಮುಂದೆ ಹೆಬ್ಬೆರಳಿನಷ್ಟು ಜಾಗ ಉಳಿಯಬೇಕು. ತೀರಾ ಮೆತ್ತಗಿರುವ ಶೂ ಅಂಗಡಿಯಲ್ಲಿ ಹಿತವೆನಿಸಿದರೂ ಭಾರಕ್ಕೆ ಒಂದು ಬದಿಗೆ ಕುಸಿದು ಪಾದ ವಾಲುತ್ತದೆ. ಹಿಮ್ಮಡಿ ಹಿಡಿಯುವ ಭಾಗವನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, ಗಟ್ಟಿಯಾಗಿದ್ದರೆ ಒಳ್ಳೆಯದು. 500 ಕಿ.ಮೀ. ಆದಮೇಲೆ ಅಟ್ಟೆ ಮೇಲೆ ಕಣ್ಣಿಡಿ. ಒಂದು ಅಂಚು ಸವೆದು ಶೂ ವಾಲಿ ನಿಂತರೆ ಬದಲಿಸುವ ಹೊತ್ತಾಯಿತು.

ತೊಡೆ ತೊಡೆ ಉಜ್ಜಿ ಚರ್ಮ ಕಿತ್ತುಬರುವುದು ಯಾರೂ ಬಾಯಿಬಿಟ್ಟು ಹೇಳದ, ಆದರೆ ಬಹಳ ಜನರನ್ನು ಮನೆಯಲ್ಲಿ ಕೂರಿಸುವ ತೊಂದರೆ. ಮಂಡಿಯ ಮೇಲಿನವರೆಗೆ ಬಿಗಿಯಾಗಿ ಕೂರುವ ಸೈಕ್ಲಿಂಗ್ ಚಡ್ಡಿ ತರಹದ ಒಳಉಡುಪು ಹಾಕಿ, ಅದರ ಮೇಲೆ ಸಡಿಲ ಪ್ಯಾಂಟ್ ತೊಡಬಹುದು. ಉಜ್ಜುವ ಜಾಗಕ್ಕೆಲ್ಲ ವ್ಯಾಸಲೀನ್ ಹಚ್ಚಿ: ತೊಡೆಸಂದಿ, ಕಂಕುಳು, ಗಂಡಸರಿಗೆ ಮೊಲೆತೊಟ್ಟು, ಹೆಂಗಸರಿಗೆ ಬ್ರಾ ಪಟ್ಟಿಯ ಕೆಳಗೆ. ಕೊಬ್ಬರಿ ಎಣ್ಣೆ ಬೆವರಿಗೆ ಬೇಗ ಇಳಿದುಹೋಗುತ್ತದೆ. ಹತ್ತಿ ಬನಿಯನ್ ಒದ್ದೆಯಾದಮೇಲೆ ಉಜ್ಜುವುದು ಇನ್ನೂ ಹೆಚ್ಚು, ಬೆವರು ಬೇಗ ಆರುವ ಪಾಲಿಯೆಸ್ಟರ್ ಟೀ ಶರ್ಟ್ ಸಾಕು. ಹೆಂಗಸರು ಓಟಕ್ಕೆಂದೇ ಇರುವ ಗಟ್ಟಿ ಆಧಾರದ ಸ್ಪೋರ್ಟ್ಸ್ ಬ್ರಾ ಕೊಳ್ಳಿ. ಅದನ್ನು ತೊಟ್ಟು ಅಂಗಡಿಯ ಟ್ರಯಲ್ ರೂಮಿನಲ್ಲೇ ನಾಲ್ಕು ಸಲ ಕುಪ್ಪಳಿಸಿ ನೋಡುವುದಕ್ಕೆ ಸಂಕೋಚಪಡಬೇಡಿ.

ಎಲ್ಲಿ, ಯಾವಾಗ

ತುಳಿದು ಗಟ್ಟಿಯಾದ ಮಣ್ಣಿನ ದಾರಿ ಎಲ್ಲಕ್ಕಿಂತ ಒಳ್ಳೆಯದು. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತಿನಂಥ ದಾರಿ ಹತ್ತಿರವಿದ್ದರೆ ಅದೃಷ್ಟ. ಊರಿನ ಶಾಲೆ, ಕಾಲೇಜು ಮೈದಾನ ಅಥವಾ ಜಿಲ್ಲಾ ಕ್ರೀಡಾಂಗಣವೂ ಆದೀತು. ಒಂದೇ ದಿಕ್ಕಿಗೆ ಸುತ್ತಿದರೆ ತಿರುವಿನಲ್ಲಿ ಒಂದೇ ಕಾಲಿಗೆ ಒತ್ತಡ ಬೀಳುವುದರಿಂದ ಜಾಗ ಖಾಲಿಯಿದ್ದಾಗ ದಿಕ್ಕು ಬದಲಿಸಿ. ಮಂಗಳೂರು, ಉಡುಪಿ ಕಡೆಯವರಿಗೆ ಸಮುದ್ರದ ಮರಳು ಆಸೆ ಹುಟ್ಟಿಸುತ್ತದೆ, ಆದರೆ ಸಡಿಲ ಮರಳಿನಲ್ಲಿ ಹಿಮ್ಮಡಿ ಹೂತು ಅದರ ಮೇಲಿನ ರಜ್ಜು ಜಗ್ಗುತ್ತದೆ. ಮೊದಲ ನಾಲ್ಕು ತಿಂಗಳು ಅದು ಬೇಡ. ಡಾಂಬರು ರಸ್ತೆಯಾದರೆ ಅಂಚಿನ ಇಳಿಜಾರು ತಪ್ಪಿಸಿ. ಕಿತ್ತ ಕಲ್ಲುಚಪ್ಪಡಿಯ ಫುಟ್‌ಪಾತ್‌ಗಿಂತ ಬೆಳಗಿನ ಖಾಲಿ ರಸ್ತೆ ವಾಸಿ.

ಹೊತ್ತು ಊರಿಗೆ ತಕ್ಕಂತೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬೆಳಿಗ್ಗೆ ಆರೂವರೆಯೊಳಗೆ ಮನೆ ಸೇರಿರಬೇಕು. ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಹಾಗಾಗಿ ಅಲ್ಲಿ ಓಟದ ವೇಗ ಇನ್ನೂ ಇಳಿಸಿ. ಮಲೆನಾಡಿನ ಮಳೆಗಾಲದಲ್ಲಿ ಪಾಚಿ ಕಟ್ಟಿದ ದಾರಿಯಲ್ಲಿ ಜಾರುವುದಕ್ಕಿಂತ ಟ್ರೆಡ್‌ಮಿಲ್ ಮೇಲು. ಮನೆಗೆ ಕೊಳ್ಳುವುದಾದರೆ ಎಷ್ಟು ತೂಕ ತಾಳುತ್ತದೆ ಎಂದು ಓದಿ ನೋಡಿ, ನಿಮ್ಮ ತೂಕಕ್ಕಿಂತ 20 ಕೆ.ಜಿ.ಯಾದರೂ ಹೆಚ್ಚಿನದು ಬೇಕು.

ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ, ಕಣ್ಣಿಗೆ ಕಣ್ಣಿಟ್ಟು ನೋಡದೆ, ಬೆನ್ನು ತೋರಿಸದೆ ನಿಧಾನ ನಡೆದುಹೋಗಿ.

ಹದಿನಾರು ವಾರದ ಕ್ರಮ

1996ರಲ್ಲಿ ಅಮೆರಿಕದ ಜಾಶ್ ಕ್ಲಾರ್ಕ್ ರೂಪಿಸಿದ ‘ಕೌಚ್ ಟು 5ಕೆ’ (ಸೋಫಾದಿಂದ 5 ಕಿ.ಮೀ. ಓಟಕ್ಕೆ) ಎಂಬ ಒಂಬತ್ತು ವಾರದ ಕ್ರಮ ಬಹಳ ಹೆಸರುವಾಸಿ. ನಡಿಗೆ ಓಟ ಬೆರೆಸುವ ಅದರ ಉಪಾಯ ಒಳ್ಳೆಯದೇ. ಆದರೆ ಐದನೇ ವಾರದಲ್ಲಿ ಒಂದು ದಿನ ಎಂಟೆಂಟು ನಿಮಿಷ ಎರಡು ಸಲ ಓಡಿಸಿ, ಮುಂದಿನ ಸರದಿಗೆ ಇಪ್ಪತ್ತು ನಿಮಿಷ ಬಿಡುವಿಲ್ಲದೆ ಓಡಲು ಹೇಳುತ್ತದೆ. ಭಾರ ಹೆಚ್ಚಿರುವ ಕಾಲಿಗೆ ಈ ಜಿಗಿತ ಅತಿಯಾಯಿತು.

ನಾವು ಹೇಳುವುದು ಇಷ್ಟು. ಮೊದಲ ನಾಲ್ಕು ವಾರ ಬರೀ ಬಿರುಸು ನಡಿಗೆ, ವಾರಕ್ಕೆ ನಾಲ್ಕೈದು ದಿನ, 20 ನಿಮಿಷದಿಂದ ಶುರುಮಾಡಿ 40 ನಿಮಿಷಕ್ಕೆ. 40 ನಿಮಿಷ ನಡೆದ ಮರುದಿನ ಕಾಲು ನೋಯದಿದ್ದರೆ ಮುಂದಕ್ಕೆ, ನೋಯುತ್ತಿದ್ದರೆ ಇನ್ನೆರಡು ವಾರ ನಡಿಗೆಯೇ. 110 ಕೆ.ಜಿ. ಮೇಲಿರುವವರು ಈ ಹಂತಕ್ಕೆ ಎರಡು ತಿಂಗಳು ಕೊಟ್ಟರೂ ನಷ್ಟವಿಲ್ಲ.

ಆಮೇಲೆ ವಾರಕ್ಕೆ ಮೂರೇ ದಿನ ಓಟ, ನಡುವೆ ಒಂದೊಂದು ದಿನ ಬಿಟ್ಟು. ಪ್ರತಿ ಸಲ ಮೊದಲು 5 ನಿಮಿಷ, ಕೊನೆಗೆ 5 ನಿಮಿಷ ನಡಿಗೆ. ನಡುವಿನ ಭಾಗ ಹೀಗೆ:

5–6ನೇ ವಾರ: 30 ಸೆಕೆಂಡ್ ಓಟ, 2 ನಿಮಿಷ ನಡಿಗೆ, 8 ಸಲ
7–8: 1 ನಿಮಿಷ ಓಟ, 2 ನಿಮಿಷ ನಡಿಗೆ, 7 ಸಲ
9–10: 1 ನಿಮಿಷ ಓಟ, 1 ನಿಮಿಷ ನಡಿಗೆ, 10 ಸಲ
11–12: 2 ನಿಮಿಷ ಓಟ, 1 ನಿಮಿಷ ನಡಿಗೆ, 7 ಸಲ
13–14: 3 ನಿಮಿಷ ಓಟ, 1 ನಿಮಿಷ ನಡಿಗೆ, 6 ಸಲ
15–16: 5 ನಿಮಿಷ ಓಟ, 1 ನಿಮಿಷ ನಡಿಗೆ, 4 ಸಲ

ಓಡುವ ಹೊತ್ತನ್ನಷ್ಟೇ ಕೂಡಿಸಿದರೆ 4 ನಿಮಿಷದಿಂದ 20 ನಿಮಿಷಕ್ಕೆ ಹನ್ನೆರಡು ವಾರ. ಐದನೇ ವಾರದ ಓಟ ‘ಇಷ್ಟೇನಾ’ ಅನ್ನಿಸುತ್ತದೆ, ಅನ್ನಿಸಲಿ. ಯಾವುದೇ ಹಂತ ಕಷ್ಟವೆನಿಸಿದರೆ ಅದನ್ನೇ ಇನ್ನೊಂದು ವಾರ ಮಾಡಿ. ದೂರ ಅಳೆಯಬೇಡಿ, ಬರೀ ಗಡಿಯಾರ ನೋಡಿ. ಕಿಲೋಮೀಟರ್ ಲೆಕ್ಕ ಶುರುವಾದ ತಕ್ಷಣ ವೇಗ ತಾನಾಗಿ ಏರುತ್ತದೆ.

ವೇಗದ ಮಾತು

ಹೊಸಬರು ಓಡುವುದೆಲ್ಲ ಬಸ್ಸು ಹಿಡಿಯುವ ಓಟ. ಬೇಕಾಗಿರುವುದು ನಡಿಗೆಗಿಂತ ತುಸುವೇ ಬಿರುಸಾದ ಸಣ್ಣ ಹೆಜ್ಜೆಯ ಓಟ, ಗಂಟೆಗೆ 6–7 ಕಿ.ಮೀ. ಬಿರುಸಾಗಿ ನಡೆಯುವವರು ನಿಮ್ಮನ್ನು ದಾಟಿ ಹೋಗಬಹುದು. ಓಡುತ್ತಲೇ ‘ನಾಳೆ ಬೆಳಿಗ್ಗೆ ಬೇಗ ಎದ್ದು ಹಾಲು ತರಬೇಕು, ಆಮೇಲೆ ಮಗೂನ ಸ್ಕೂಲಿಗೆ ಬಿಡಬೇಕು’ ಎಂದು ಜೋರಾಗಿ ಹೇಳಿ ನೋಡಿ. ಒಂದೇ ಉಸಿರಿಗೆ ಹೇಳಲಾದರೆ ವೇಗ ಸರಿಯಿದೆ. ‘ಹಾಲು’ ಎಂಬಲ್ಲೇ ಉಸಿರು ಎಳೆದುಕೊಳ್ಳಬೇಕಾದರೆ ವೇಗ ಇಳಿಸಿ.

ಪಾದ ಮೈಯ ಕೆಳಗೇ ಬೀಳಬೇಕು, ಮುಂದಕ್ಕೆ ಚಾಚಿ ಹಿಮ್ಮಡಿ ಊರಿದರೆ ಪೆಟ್ಟು ನೇರ ಮಂಡಿಗೆ ಹೋಗುತ್ತದೆ. ಇದನ್ನು ಸರಿಪಡಿಸುವ ಸುಲಭ ದಾರಿ ಹೆಜ್ಜೆ ಚಿಕ್ಕದು ಮಾಡಿ ಎಣಿಕೆ ಹೆಚ್ಚಿಸುವುದು. ಒಂದು ನಿಮಿಷದಲ್ಲಿ ಎಷ್ಟು ಹೆಜ್ಜೆ ಎಂದು ಎಣಿಸಿ. 150 ಇದ್ದರೆ ವೇಗ ಹೆಚ್ಚಿಸದೆಯೇ 160ರ ಸುಮಾರಿಗೆ ತನ್ನಿ. ಕಿವಿಗೂ ಗೊತ್ತಾಗುತ್ತದೆ: ‘ಧಪ್ ಧಪ್’ ಸದ್ದು ಕಡಿಮೆಯಾಗಬೇಕು. ಭುಜ ಬಿಗಿಹಿಡಿಯಬೇಡಿ.

ಬಿಡುವಿನ ದಿನ ಸುಮ್ಮನೆ ಕೂರದೆ ಎರಡು ದಿನ ಹದಿನೈದು ನಿಮಿಷ ಕಾಲಿಗೆ ಬಲ ಕೊಡಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು 10 ಸಲ, ಗೋಡೆ ಹಿಡಿದು ತುದಿಗಾಲಲ್ಲಿ ಏರಿ ನಿಧಾನವಾಗಿ ಇಳಿಯುವುದು 12 ಸಲ, ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು 12 ಸಲ. ಒಂದೊಂದನ್ನೂ ಮೂರು ಸುತ್ತು. ತುದಿಗಾಲಿನದನ್ನು ಯಾವತ್ತೂ ಬಿಡಬೇಡಿ, ಓಟದ ಭಾರದಲ್ಲಿ ದೊಡ್ಡ ಪಾಲು ಹೊರುವುದು ಮೀನಖಂಡ.

ನೋವನ್ನು ಓದುವುದು

ತೊಡೆ, ಮೀನಖಂಡದ ಮಾಂಸ ಎರಡೂ ಕಾಲಲ್ಲಿ ಒಂದೇ ರೀತಿ ನೋಯುತ್ತಿದ್ದರೆ ಅದು ಸಹಜ, ಎರಡು ದಿನಕ್ಕೆ ಇಳಿಯುತ್ತದೆ. ಒಂದೇ ಕಾಲಿನಲ್ಲಿ, ಮೂಳೆ ಅಥವಾ ಕೀಲಿನಲ್ಲಿ ಇದ್ದರೆ ಗಮನಿಸಬೇಕು. ಹತ್ತಕ್ಕೆ ಮೂರರಷ್ಟು ನೋವಿದ್ದು ಮರುದಿನ ಬೆಳಿಗ್ಗೆ ಹೆಚ್ಚಾಗಿರದಿದ್ದರೆ ಮುಂದುವರಿಸಬಹುದು. ಕುಂಟುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ.

ಕಣಕಾಲಿನ ಒಳಬದಿಯ ಮೂಳೆಯಂಚನ್ನು ಹೆಬ್ಬೆರಳಿನಿಂದ ಮೇಲಿಂದ ಕೆಳಕ್ಕೆ ಒತ್ತುತ್ತ ಬನ್ನಿ. ನೋವು ಗೇಣುದ್ದ ಹರಡಿಕೊಂಡಿದ್ದರೆ ಅದು ಶಿನ್ ಸ್ಪ್ಲಿಂಟ್ಸ್, ಅಂದರೆ ಓಟದ ಒತ್ತಡಕ್ಕೆ ಕಣಕಾಲಿನ ಮೂಳೆಯಂಚು ನೋಯುವುದು. ಒಂದೆರಡು ವಾರ ಬರೀ ನಡಿಗೆ, ಆಮೇಲೆ ಒಂದು ಹಂತ ಹಿಂದಿನಿಂದ ಶುರು. ನೋವು ನಾಣ್ಯದಗಲದ ಒಂದೇ ಜಾಗದಲ್ಲಿ ಚುಚ್ಚಿದಂತಿದ್ದು, ರಾತ್ರಿ ಮಲಗಿದಾಗಲೂ ಇದ್ದರೆ ಮೂಳೆಯಲ್ಲಿ ಬಿರುಕು ಇರಬಹುದು. ಓಟ ಪೂರ್ತಿ ನಿಲ್ಲಿಸಿ ಮೂಳೆ ಡಾಕ್ಟರಿಗೆ ತೋರಿಸಿ. ಎಕ್ಸ್‌ರೇಯಲ್ಲಿ ಮೊದಲ ಕೆಲವು ವಾರ ಈ ಬಿರುಕು ಕಾಣದೇ ಹೋಗಬಹುದು, ಹಾಗಾಗಿ ‘ಎಕ್ಸ್‌ರೇ ಸರಿಯಿದೆ’ ಎಂದು ಓಡಲು ಹೋಗಬೇಡಿ.

ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೆ ಹಿಮ್ಮಡಿ ಕೆಳಗೆ ಚುಚ್ಚಿ, ನಾಲ್ಕು ಹೆಜ್ಜೆಯಾದಮೇಲೆ ಕಡಿಮೆಯಾದರೆ ಅಂಗಾಲಿನ ಪೊರೆ ಉರಿಗೊಂಡಿದೆ. ಮನೆಯೊಳಗೆ ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ಓಡಾಡುವುದು ಇದನ್ನು ಬೆಳೆಸುತ್ತದೆ, ಮೆತ್ತನೆ ಚಪ್ಪಲಿ ಹಾಕಿ. ಮಂಡಿಚಿಪ್ಪಿನ ಸುತ್ತ, ಅದರಲ್ಲೂ ಮೆಟ್ಟಿಲಿಳಿಯುವಾಗ ನೋವು ಬಂದರೆ ಹೆಜ್ಜೆ ಉದ್ದವಾಗಿರುತ್ತದೆ ಅಥವಾ ಬೇಗ ಹೆಚ್ಚಿಸಿರುತ್ತೀರಿ.

ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ಕಣ್ಣು ಕತ್ತಲೆ, ತಣ್ಣನೆ ಬೆವರು ಬಂದರೆ ಅಲ್ಲೇ ಕೂತು 108ಕ್ಕೆ ಫೋನ್ ಮಾಡಿಸಿ. ‘ಗ್ಯಾಸ್ ಇರಬಹುದು’ ಎಂದು ಮನೆಗೆ ನಡೆದುಹೋಗಬೇಡಿ.

ತಿಂಡಿ, ತೂಕ

ಓಟದಲ್ಲಿ ಕಿಲೋಮೀಟರಿಗೆ, ದೇಹದ ಒಂದೊಂದು ಕೆ.ಜಿ.ಗೆ ಸುಮಾರು 1 ಕ್ಯಾಲರಿ ಖರ್ಚಾಗುತ್ತದೆ. 90 ಕೆ.ಜಿ.ಯವರು 3 ಕಿ.ಮೀ. ಓಡಿದರೆ 270. ಓಟ ಮುಗಿಸಿ ದರ್ಶಿನಿಯಲ್ಲಿ ಒಂದು ಮಸಾಲೆ ದೋಸೆ, ಸಕ್ಕರೆ ಹಾಕಿದ ಕಾಫಿ ಆದರೆ ಲೆಕ್ಕ ಚುಕ್ತಾ. ತೂಕ ಇಳಿಸುವ ಕೆಲಸ ಬಹುಪಾಲು ಊಟದ ತಟ್ಟೆಯದು. ಓಟದಿಂದ ಬರುವ ಲಾಭ ಬೇರೆ: ಉಸಿರು, ಬಿಪಿ, ಶುಗರ್, ನಿದ್ದೆ ಸುಧಾರಿಸುತ್ತವೆ, ತೂಕ ಅಲ್ಲಾಡದಿದ್ದರೂ. ಅದಕ್ಕೇ ತಕ್ಕಡಿ ನೋಡಿ ಓಟ ಬಿಡುವುದು ಬೇಸರದ ಸಂಗತಿ. ಹಾಗೆಂದು ಊಟ ಅರ್ಧಕ್ಕೆ ಇಳಿಸಿ ಓಡಲೂಬೇಡಿ. ಮೂಳೆ ಸ್ನಾಯು ರಿಪೇರಿಗೆ ಬೇಳೆ, ಮೊಟ್ಟೆ, ಮೊಸರು, ಕಾಳು ಬೇಕು. ಬೆಳಿಗ್ಗೆ ಅರ್ಧ ಗಂಟೆಯ ಓಟಕ್ಕೆ ಒಂದು ಲೋಟ ನೀರು ಸಾಕು, ಹೊಟ್ಟೆ ಖಾಲಿ ಅನ್ನಿಸಿದರೆ ಒಂದು ಬಾಳೆಹಣ್ಣು.

ನಡುವೆ ಒಂದು ವಾರ ತಪ್ಪಿದರೆ ಬಿಟ್ಟ ಹಂತದಿಂದಲೇ ಮುಂದುವರಿಸಿ. ಎರಡು ಮೂರು ವಾರ ತಪ್ಪಿದರೆ ಎರಡು ಹಂತ ಹಿಂದಕ್ಕೆ. ಜ್ವರ ಬಂದಿದ್ದರೆ ಬಿಟ್ಟ ಮೇಲೂ ಒಂದು ವಾರ ಓಡಬೇಡಿ. ಡೆಂಗಿ ಆಗಿದ್ದವರು ಡಾಕ್ಟರು ಸರಿ ಎಂದಮೇಲೆ ಮತ್ತೆ ನಡಿಗೆಯಿಂದಲೇ ಶುರುಮಾಡಿ. ಹದಿನಾರು ವಾರ ಮುಗಿದವರು ನಡಿಗೆಯ ಬಿಡುವು ತೆಗೆದುಹಾಕಲೇಬೇಕೆಂದಿಲ್ಲ. 5 ನಿಮಿಷ ಓಟ, 1 ನಿಮಿಷ ನಡಿಗೆಯಲ್ಲೇ 5 ಕಿ.ಮೀ. ಮುಗಿಸಬಹುದು. 10 ಕಿ.ಮೀ. ಸ್ಪರ್ಧೆಗೆ ಹೆಸರು ಕೊಡುವ ಮುನ್ನ ಇನ್ನೂ ನಾಲ್ಕೈದು ತಿಂಗಳು ಇಟ್ಟುಕೊಳ್ಳಿ.